ಬೆಳಿಗ್ಗೆ ಬೆಲ್ಟ್ ಕೂಗುತ್ತದೆ, ಘಾಟಿಯಲ್ಲಿ ಎಂಜಿನ್ ಬಿಸಿಯಾಗುತ್ತದೆ: ಏನು ಮಾಡಲಿ?

ಪ್ರಶ್ನೆ: ನಮ್ಮದು 2003ರ ಮಾರುತಿ 800. ಮನೆ ಬದಿಯಡ್ಕದ ಹತ್ತಿರ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕೀಂಯ್ ಎಂದು ಕೂಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಮಡಿಕೇರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಬೆಲ್ಟ್ ಬದಲಿಸಿದ್ದಾಯಿತು. ಈಗ ಮೆಕ್ಯಾನಿಕ್ ‘ಥರ್ಮೋಸ್ಟಾಟ್ ತೆಗೆದುಬಿಡೋಣ, ಸರಿಯಾಗುತ್ತದೆ’ ಅನ್ನುತ್ತಾರೆ. ತೆಗೆಸಬಹುದಾ?

ಉತ್ತರ: ಸದ್ಯಕ್ಕೆ ತೆಗೆಸಬೇಡಿ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ಬಾಗಿಲು. ಅದಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ ಇದೆ. ಎರಡು ಸಲ ಬೆಲ್ಟ್ ಬದಲಿಸಿದರೂ ಕೂಗು ಹೋಗಿಲ್ಲ ಅಂತ ಬರೆದಿದ್ದೀರಲ್ಲ, ನನಗೆ ಅದೇ ದೊಡ್ಡ ಸುಳಿವು. ಕೂಗು ಮತ್ತು ಬಿಸಿ ಎರಡೂ ಒಂದೇ ಕಡೆಯಿಂದ ಬರುತ್ತಿರುವ ಸಾಧ್ಯತೆ ಜಾಸ್ತಿ.

ಮಾರುತಿ 800ರಲ್ಲಿ ಫ್ಯಾನ್ ಬೆಲ್ಟ್ ಅಂತ ಕರೆಯುತ್ತೇವಲ್ಲ, ಅದು ಫ್ಯಾನನ್ನು ತಿರುಗಿಸುವುದೇ ಇಲ್ಲ. ಫ್ಯಾನಿಗೆ ಬೇರೆ ಕರೆಂಟ್ ಮೋಟಾರ್ ಇದೆ. ಅಂಬಾಸಿಡರಿನಂಥ ಕಾರುಗಳಲ್ಲಿ ಬೆಲ್ಟೇ ಫ್ಯಾನ್ ತಿರುಗಿಸುತ್ತಿತ್ತು, ಆ ಹೆಸರು ಹಾಗೇ ಉಳಿದಿದೆ. ನಿಮ್ಮ ಕಾರಿನ ಬೆಲ್ಟ್ ತಿರುಗಿಸುವುದು ಎರಡನ್ನು: ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ (ನಮ್ಮ ಹಳೇ ಮೆಕ್ಯಾನಿಕ್‌ಗಳು ಈಗಲೂ ಡೈನಮೋ ಅನ್ನುತ್ತಾರೆ) ಮತ್ತು ವಾಟರ್ ಪಂಪ್. ತೋಟದ ಡೀಸೆಲ್ ಪಂಪಿನಲ್ಲಿ ಬೆಲ್ಟ್ ಸಡಿಲವಾದರೆ ಎಂಜಿನ್ ಜೋರಾಗಿ ಓಡುತ್ತದೆ, ನೀರು ಮಾತ್ರ ತುದಿಯ ಅಡಿಕೆ ಮರಕ್ಕೆ ಮುಟ್ಟುವುದಿಲ್ಲ. ಕಾರಿನಲ್ಲೂ ಹಾಗೆಯೇ. ಬೆಲ್ಟ್ ಜಾರಿದರೆ ಎಂಜಿನ್ನಿನ ಬಿಸಿ ನೀರು ರೇಡಿಯೇಟರಿಗೆ ಬೇಕಾದಷ್ಟು ಹೋಗುವುದಿಲ್ಲ. ಸಪಾಟು ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಗೊತ್ತಾಗುತ್ತದೆ.

ಬೆಳಿಗ್ಗೆಯೇ ಯಾಕೆ ಕೂಗಬೇಕು? ಸ್ಟಾರ್ಟ್ ಮಾಡಲು ಬ್ಯಾಟರಿ ಒಂದೇ ಸಲ ತುಂಬಾ ಕರೆಂಟ್ ಕೊಟ್ಟಿರುತ್ತದೆ. ಅದನ್ನು ತುಂಬಿಸಲು ಆಲ್ಟರ್ನೇಟರ್ ಕೂಡಲೇ ಕೆಲಸಕ್ಕೆ ಇಳಿಯುತ್ತದೆ, ಅದರ ಪುಲ್ಲಿ ಭಾರವಾಗುತ್ತದೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಬೆಲ್ಟ್ ಮೇಲೆ ರಾತ್ರಿಯ ಪಸೆಯೂ ಇರುತ್ತದೆ. ಭಾರ, ಪಸೆ ಎರಡೂ ಸೇರಿದಾಗ ಸಡಿಲ ಬೆಲ್ಟ್ ಜಾರುತ್ತದೆ, ಜಾರಿದಾಗ ಕೂಗುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್, ವೈಪರ್ ಎಲ್ಲ ಒಟ್ಟಿಗೆ ಹಾಕಿ. ಕೂಗು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ ಅಂತಲೇ ಅರ್ಥ.

ಇನ್ನು ಹೊಸ ಬೆಲ್ಟ್ ಹಾಕಿದರೂ ಯಾಕೆ ಕೂಗುತ್ತದೆ ಅನ್ನುವುದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ನನ್ನ 800ರಲ್ಲೂ ಇದೇ ಆಗಿತ್ತು. ಹೊಸ ಬೆಲ್ಟ್ ಹಾಕಿಸಿದ ವಾರದಲ್ಲೇ ಮತ್ತೆ ಕೂಗು. ಟೈಟ್ ಮಾಡಿಸಿದೆ, ಹತ್ತು ದಿನ ಸುಮ್ಮನಿತ್ತು, ಮತ್ತೆ ಶುರು. ಕೊನೆಗೆ ಒಂದು ದಿನ ಬೆಲ್ಟ್ ಬಿಚ್ಚಿ ಪುಲ್ಲಿಯ ಸಂದಿನೊಳಗೆ ಟಾರ್ಚ್ ಹಾಕಿ ನೋಡಿದೆ. ಎರಡೂ ಬದಿಯ ಗೋಡೆ ಮಂಕಾಗಿತ್ತು. ತಳ ಮಾತ್ರ ಬೆಳ್ಳಿ ತಟ್ಟೆಯ ಹಾಗೆ ಮಿನುಗುತ್ತಿತ್ತು. ವಿ ಆಕಾರದ ಬೆಲ್ಟ್ ಹಿಡಿತ ತೆಗೆದುಕೊಳ್ಳುವುದು ಬದಿಗಳಿಂದ. ಬೆಣೆ ಹೊಡೆದ ಹಾಗೆ ಎರಡು ಗೋಡೆಗಳ ನಡುವೆ ಸಿಕ್ಕಿ ಕೂರಬೇಕು, ತಳ ಮುಟ್ಟಲೇಬಾರದು. ನನಗೆ ಕೊಟ್ಟಿದ್ದ ಬೆಲ್ಟ್ ಉದ್ದದಲ್ಲಿ ಸರಿ ಇತ್ತು, ಅಗಲದಲ್ಲಿ ಒಂದು ಕೂದಲು ಕಡಿಮೆ. ಅದು ತಳಕ್ಕೆ ಇಳಿದು ಅಲ್ಲಿಯೇ ಜಾರುತ್ತಿತ್ತು. ಎಷ್ಟು ಟೈಟ್ ಮಾಡಿದರೂ ಪ್ರಯೋಜನ ಇರಲಿಲ್ಲ. ಸರಿಯಾದ ಅಗಲದ ಬೆಲ್ಟ್ ಕೂತ ಮೇಲೆ ಅದರ ಬೆನ್ನು ಪುಲ್ಲಿಯ ಅಂಚಿಗೆ ಸರಿಸಮ ಬಂತು. ಕೂಗು ಅಂದೇ ನಿಂತಿತು.

ಆದ್ದರಿಂದ ನೀವು ಮೊದಲು ಇದನ್ನೇ ನೋಡಿ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗಿಂತ ಕೆಳಗೆ ಇಳಿದಿದೆಯಾ ನೋಡಿ. ಇಳಿದಿದ್ದರೆ ಬೆಲ್ಟ್ ಸಪೂರ ಇದೆ, ಇಲ್ಲವೇ ಇಪ್ಪತ್ತು ವರ್ಷ ತಿರುಗಿ ಪುಲ್ಲಿಯೇ ಸವೆದಿದೆ. ಪುಲ್ಲಿ ಸವೆದಿದ್ದರೆ ಬೆಲ್ಟ್ ಬದಲಿಸುತ್ತಾ ಕೂತರೆ ದುಡ್ಡು ದಂಡ. ಬೆಲ್ಟಿನ ಬದಿಯನ್ನು ಬೆರಳಿನಿಂದ ಸವರಿ ನೋಡಿ. ಗಾಜಿನ ಹಾಗೆ ನುಣುಪಾಗಿದ್ದರೆ ಅದು ಜಾರಿ ಜಾರಿ ಸುಟ್ಟಿದೆ. ಎಣ್ಣೆ ಅಂಟಿದ್ದರೆ ಎಂಜಿನ್ ಆಯಿಲ್ ಎಲ್ಲಿಂದ ಸೋರುತ್ತಿದೆ ಅಂತ ಮೊದಲು ಹುಡುಕಬೇಕು.

ಟೈಟ್ ಎಷ್ಟಿರಬೇಕು? ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ 6ರಿಂದ 9 ಮಿಲಿಮೀಟರ್ ಬಗ್ಗಬೇಕು, ಅಂದರೆ ಕಿರುಬೆರಳಿನ ಅಗಲಕ್ಕಿಂತ ತುಸು ಕಡಿಮೆ. ಹೊಸ ಬೆಲ್ಟ್ ಸ್ವಲ್ಪ ದಿನ ಓಡಿದ ಮೇಲೆ ಸಡಿಲವಾಗುವುದು ಸಹಜ. ಹಾಗಾಗಿ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಟೈಟ್ ನೋಡಲೇಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಕೂಗು ನಿಲ್ಲಲಿ ಅಂತ ತಂತಿಯ ಹಾಗೆ ಬಿಗಿದರೂ ತಪ್ಪು. ವಾಟರ್ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗ್ ಹಾಳಾಗುತ್ತದೆ. ಬೆಲ್ಟಿಗೆ ಸಾಬೂನು, ಮೇಣ ಉಜ್ಜುವುದಂತೂ ಬೇಡವೇ ಬೇಡ.

ಸದ್ದಿನಲ್ಲೂ ವ್ಯತ್ಯಾಸ ಇದೆ. ಉದ್ದಕ್ಕೆ ಕೀಂಯ್ ಅಂದರೆ ಜಾರುವಿಕೆ. ಗುಬ್ಬಿಯ ಹಾಗೆ ಚಿಂವ್ ಚಿಂವ್ ಅಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಗರಗರ ಅಂದರೆ ಬೇರಿಂಗ್. ಗೊಂದಲ ಇದ್ದರೆ ಓಡುತ್ತಿರುವ ಬೆಲ್ಟಿನ ಮೇಲೆ, ಕೈ ದೂರ ಇಟ್ಟು, ಸ್ವಲ್ಪ ನೀರು ಚಿಮುಕಿಸಿ. ಸದ್ದು ಜೋರಾದರೆ ಬೆಲ್ಟ್ ಸಡಿಲ. ಒಂದು ಗಳಿಗೆ ನಿಂತು ಮತ್ತೆ ಬಂದರೆ ಪುಲ್ಲಿಯ ಸಾಲು ತಪ್ಪಿದೆ.

ಈಗ ಬಿಸಿಯ ವಿಷಯ. ಮೆಕ್ಯಾನಿಕ್ ಹತ್ತಿರ ‘ಗಾಡಿ ಬಿಸಿಯಾಗುತ್ತದೆ’ ಅಂತ ಮಾತ್ರ ಹೇಳಿದರೆ ಅವರೂ ಅಂದಾಜಿನಲ್ಲೇ ಒಂದೊಂದು ಸಾಮಾನು ಬದಲಿಸುತ್ತಾರೆ. ಯಾವಾಗ ಬಿಸಿಯಾಗುತ್ತದೆ ಅಂತ ಹೇಳಿ. ಚೆರ್ಕಳದಲ್ಲಿ ಬ್ಲಾಕ್ ಆಗಿ ನಿಂತಾಗ ಮುಳ್ಳು ಏರಿ, ಗಾಡಿ ಓಡಿದ ಕೂಡಲೇ ಇಳಿದರೆ ತೊಂದರೆ ಗಾಳಿಯದ್ದು. ಫ್ಯಾನ್ ತಿರುಗುತ್ತಿಲ್ಲ, ಅಥವಾ ತಡವಾಗಿ ತಿರುಗುತ್ತಿದೆ. ಫ್ಯಾನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿದರೆ ಮೋಟಾರ್ ಹೋಗಿದೆಯಾ, ಸ್ವಿಚ್ಚೋ ರಿಲೇಯೋ ಹೋಗಿದೆಯಾ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಂತಾಗ ಸರಿ ಇದ್ದು, ಏರು ಹತ್ತುವಾಗ ಬಿಸಿಯಾದರೆ ತೊಂದರೆ ನೀರಿನದ್ದು. ನೀರು ಕಡಿಮೆ ಇದೆ, ಅಥವಾ ಸಾಕಷ್ಟು ಹರಿಯುತ್ತಿಲ್ಲ, ಅಥವಾ ರೇಡಿಯೇಟರ್ ಒಳಗೆ ಕಟ್ಟಿದೆ. ನಿಮ್ಮದು ಈ ಎರಡನೇ ಜಾತಿ. ಜಾರುವ ಬೆಲ್ಟ್ ಇದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಇಪ್ಪತ್ತು ದಾಟಿದ ಕಾರು, ರೇಡಿಯೇಟರನ್ನೂ ಬಿಡುವ ಹಾಗಿಲ್ಲ.

ರೇಡಿಯೇಟರಿಗೆ ಯಾವ ನೀರು ಹಾಕುತ್ತೀರಿ? ನಮ್ಮ ಕಡೆ ಇದನ್ನು ಕೇಳಲೇಬೇಕು. ಬಾಯಾರು, ಪಡ್ರೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯಲು ಎಷ್ಟು ರುಚಿ ಅಲ್ವಾ. ‘ಇಷ್ಟು ಶುದ್ಧ ನೀರು, ಗಾಡಿಗೆ ಸಾಲದಾ’ ಅಂತ ಅನ್ನಿಸುವುದು ಸಹಜ. ಆದರೆ ಮುರಕಲ್ಲಿನ ಮೂಲಕ ಇಳಿದು ಬರುವ ನೀರಿನಲ್ಲಿ ಅನೇಕ ಕಡೆ ಸ್ವಲ್ಪ ಹುಳಿ ಗುಣ ಇರುತ್ತದೆ, ಕಬ್ಬಿಣದ ಅಂಶ ಇರುತ್ತದೆ. ನಮ್ಮ ಹೊಟ್ಟೆಗೆ ಅದು ತೊಂದರೆ ಅಲ್ಲ, ಲೋಹಕ್ಕೆ ತೊಂದರೆ. ಕುಂಬಳೆ, ಉಪ್ಪಳದ ಕಡಲ ಬದಿಯ ಬಾವಿಯಲ್ಲಿ ಉಪ್ಪು ಸೇರಿದ್ದರೆ ಇನ್ನೂ ಬೇಗ ತುಕ್ಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಒಳಗೆ ನೋಡಿ. ನೀರು ಕೆಂಪಗೆ ಚಹಾದ ಹಾಗಿದ್ದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ತುಕ್ಕು ಕೂತಿದೆ. ಎಲ್ಲ ಖಾಲಿ ಮಾಡಿ, ತೊಳೆದು, ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸೇರಿಸಿ ತುಂಬಬೇಕು. ಕೂಲೆಂಟ್ ಎರಡು ಕೆಲಸ ಮಾಡುತ್ತದೆ, ತುಕ್ಕು ತಡೆಯುತ್ತದೆ, ನೀರು ಕುದಿಯುವುದನ್ನು ಮುಂದೂಡುತ್ತದೆ. ಒಂದು ಎಚ್ಚರಿಕೆ: ಅದು ಸಿಹಿ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿದರೆ ನಾಯಿ, ಬೆಕ್ಕು ನೆಕ್ಕುತ್ತವೆ. ಹಳೆಯದನ್ನು ತೋಟಕ್ಕೋ ಬಾವಿ ಹತ್ತಿರವೋ ಚೆಲ್ಲಬೇಡಿ.

ರೇಡಿಯೇಟರಿನ ಹೊರಗಡೆಯೂ ನೋಡಿ. ಕೆಂಪು ಮಣ್ಣು, ಹುಳು, ಒಣ ಎಲೆ ಕೂತು ಜಾಲರಿ ಮುಚ್ಚಿರುತ್ತದೆ. ತೋಟದ ಪೈಪಿನಿಂದ ಎಂಜಿನ್ ಕಡೆಯಿಂದ ಹೊರಗೆ ಮೆಲ್ಲಗೆ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹೊಡೆದರೆ ಜಾಲರಿ ಮಡಚಿ ಹೋಗುತ್ತದೆ.

ಕ್ಯಾಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅಷ್ಟು ಚಿಕ್ಕ ಸಾಮಾನು ಯಾರ ಕಣ್ಣಿಗೂ ಬೀಳುವುದಿಲ್ಲ. ರೇಡಿಯೇಟರ್ ಒಂದು ಕುಕ್ಕರ್ ಇದ್ದ ಹಾಗೆ. ಒಳಗೆ ಒತ್ತಡ ಇದ್ದರೆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಂದರೆ ಎಂಜಿನ್ ಅತಿ ಹೆಚ್ಚು ದುಡಿಯುವ ಏರಿನಲ್ಲೇ ನೀರು ಬೇಗ ಕುದಿಯುತ್ತದೆ. ಕ್ಯಾಪಿಗೆ ಇನ್ನೊಂದು ಕೆಲಸವೂ ಇದೆ. ಎಂಜಿನ್ ತಣಿಯುವಾಗ ಬದಿಯ ಪ್ಲಾಸ್ಟಿಕ್ ಡಬ್ಬದಿಂದ ನೀರನ್ನು ಅದು ವಾಪಸ್ ಎಳೆದುಕೊಳ್ಳಬೇಕು. ಅದು ಕೆಟ್ಟರೆ ಡಬ್ಬ ತುಂಬಿರುತ್ತದೆ, ರೇಡಿಯೇಟರ್ ಅರ್ಧ ಖಾಲಿ ಇರುತ್ತದೆ. ನಾವು ಡಬ್ಬ ನೋಡಿ ‘ನೀರಿದೆ’ ಅಂತ ಘಾಟಿ ಹತ್ತುತ್ತೇವೆ. ಹೊಸ ಕ್ಯಾಪಿಗೆ ದೊಡ್ಡ ದುಡ್ಡೇನೂ ಇಲ್ಲ, ಅದೇ ಒತ್ತಡದ ಅಂಕಿ ಇರುವುದನ್ನು ನೋಡಿ ತನ್ನಿ.

ಕೆಳಗಿನ ಹೋಸನ್ನೂ ಗಮನಿಸಿ. ಮೆತ್ತಗಾದ ಹಳೇ ಹೋಸ್, ಎಂಜಿನ್ ರೈಸ್ ಮಾಡಿದಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ನಿಂತಲ್ಲೇ ಒಬ್ಬರು ರೈಸ್ ಮಾಡಿ, ಇನ್ನೊಬ್ಬರು ನೋಡಿದರೆ ಸಾಕು.

ನಿಮ್ಮ ಪ್ರಶ್ನೆಯ ಥರ್ಮೋಸ್ಟಾಟಿಗೆ ಬರುತ್ತೇನೆ. ‘ನಮ್ಮ ಸೆಕೆಗೆ ಅದು ಯಾಕೆ’ ಅನ್ನುವ ಮಾತು ಹಳೆಯದು. ಆದರೆ ಅದು ಇಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬರುವುದೇ ತಡ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗಿನ ಸವೆತವೂ ಜಾಸ್ತಿ. ಅನುಮಾನ ಇದ್ದರೆ ಬಿಚ್ಚಿಸಿ ಮನೆಗೆ ತನ್ನಿ. ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ, ತಳ ಮುಟ್ಟದ ಹಾಗೆ ಇಳಿಬಿಡಿ. ಅದರ ಮೇಲೆಯೇ 82 ಅಂತಲೋ 88 ಅಂತಲೋ ಡಿಗ್ರಿ ಕೆತ್ತಿರುತ್ತದೆ. ನೀರು ಆ ಬಿಸಿಗೆ ಬಂದಾಗ ಬಾಯಿ ತೆರೆಯಲು ಶುರುವಾಗಬೇಕು, ಕುದಿ ಬರುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ತೆರೆದರೆ ಅದನ್ನೇ ವಾಪಸ್ ಕೂರಿಸಿ.

ಇಷ್ಟೆಲ್ಲ ಸರಿ ಇದ್ದೂ ನೀರು ಕಡಿಮೆಯಾಗುತ್ತಲೇ ಇದ್ದರೆ, ನೆಲದಲ್ಲಿ ಒಂದು ಹನಿಯೂ ಕಾಣದಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಭಾಗವಾದ ಹೆಡ್ಡಿನ ಅಡಿಯ ಸೀಲ್) ಮೇಲೆ ಅನುಮಾನ ಪಡಬೇಕು. ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಬರುವುದು, ಆಯಿಲ್ ಹಾಲು ಬೆರೆಸಿದ ಹಾಗೆ ಆಗುವುದು ಅದರ ಗುರುತು. ಆಗ ಗಾಡಿ ಓಡಿಸದೆ ವರ್ಕ್‌ಶಾಪಿಗೆ ಕಳುಹಿಸಿ.

ದಾರಿಯಲ್ಲಿ ಬ್ಯಾಟರಿಯ ಕೆಂಪು ಲೈಟ್ ಹತ್ತಿ, ಅದರ ಹಿಂದೆಯೇ ಮುಳ್ಳು ಏರಿದರೆ ಬೆಲ್ಟ್ ತುಂಡಾಗಿದೆ ಅಂತಲೇ ತಿಳಿಯಿರಿ. ಬ್ಯಾಟರಿಯ ಬಲದಲ್ಲಿ ಎಂಜಿನ್ ಓಡುತ್ತಲೇ ಇರುತ್ತದೆ, ಪಂಪ್ ಮಾತ್ರ ನಿಂತಿರುತ್ತದೆ. ಬದಿಗೆ ಹಾಕಿ ಕೂಡಲೇ ಆಫ್ ಮಾಡಿ. ‘ಸುಳ್ಯ ಪೇಟೆ ಇನ್ನು ಎರಡೇ ಕಿಲೋಮೀಟರ್’ ಅಂತ ಹೋಗಬೇಡಿ, ಅಷ್ಟರಲ್ಲಿ ಅಲ್ಯೂಮಿನಿಯಂ ಹೆಡ್ ಬಾಗಬಹುದು. ಬೆಲ್ಟ್ ಇದ್ದೂ ಬಿಸಿಯಾದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಫುಲ್ ಹಾಕಿ, ನೆರಳಿಗೆ ಸೇರಿ ನಿಲ್ಲಿಸಿ. ಅರ್ಧ ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ. ಒಳಗಿನ ಕುದಿನೀರು ಮುಖಕ್ಕೆ ಹಾರಿ ಸುಟ್ಟುಕೊಂಡವರು ಬಹಳ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಬೆಲ್ಟಿನ ಅಗಲ, ಪುಲ್ಲಿಯ ತಳ, ಟೈಟ್ ಈ ಮೂರನ್ನು ನೋಡಿ, ಒಂದು ಹೊಸ ಕ್ಯಾಪ್ ಹಾಕಿ, ನೀರಿನ ಬಣ್ಣ ನೋಡುತ್ತೇನೆ. ಬೆಲ್ಟ್ ತೆಗೆದಾಗ ವಾಟರ್ ಪಂಪಿನ ಪುಲ್ಲಿಯನ್ನು ಕೈಯಿಂದ ಅಲುಗಾಡಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಅಲುಗಾಡಿದರೆ, ಅಥವಾ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರಿಳಿದ ಕಲೆ ಇದ್ದರೆ ಪಂಪ್ ಹೋಗಿದೆ. ಇವೆಲ್ಲ ಸರಿಯಾದ ಮೇಲೆ ಮಡಿಕೇರಿಗೆ ಹೊರಡಿ. ಹೊರಡುವ ಮೊದಲು ಸರಿಯಾದ ಅಳತೆಯ ಇನ್ನೊಂದು ಬೆಲ್ಟ್, ಅದನ್ನು ಸಡಿಲಿಸುವ ಸ್ಪ್ಯಾನರ್, ಐದು ಲೀಟರ್ ನೀರು ಡಿಕ್ಕಿಯಲ್ಲಿ ಇಡಿ. ಜಾಲ್ಸೂರು ದಾಟಿದ ಮೇಲೆ ರಾತ್ರಿ ಹೊತ್ತು ಬೆಲ್ಟ್ ಸಿಗುವ ಅಂಗಡಿ ಹುಡುಕುವುದು ಕಷ್ಟ.