ಹಡಗು ಕಾಯುವುದಿಲ್ಲ, ಘಾಟಿ ಬಿಡುವುದಿಲ್ಲ

ಜುಲೈ ತಿಂಗಳ ಒಂದು ರಾತ್ರಿ, ಹತ್ತು ಗಂಟೆಯ ಹೊತ್ತಿಗೆ ಫೋನ್ ಬಂತು. ಪುತ್ತೂರು ಕಡೆಯ ಒಂದು ಕುಟುಂಬ. ಅಪ್ಪ, ಅಮ್ಮ, ಮಗ, ಸೊಸೆ, ಇಬ್ಬರು ಮಕ್ಕಳು. ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬಿದ ಖುಷಿಗೆ ಮಗ ಸಿಂಗಾಪುರದಿಂದ ಹೊರಡುವ ಕ್ರೂಸ್ ಬುಕ್ ಮಾಡಿಸಿದ್ದರು. ವಿಮಾನ ಬೆಂಗಳೂರಿನಿಂದ ರಾತ್ರಿ 11ಕ್ಕೆ. ಹಡಗು ಮರುದಿನ ಸಂಜೆ. ಬೆಳಿಗ್ಗೆ 9ಕ್ಕೇ ಕಾರಿನಲ್ಲಿ ಮನೆ ಬಿಟ್ಟಿದ್ದರು. ಆರೇಳು ಗಂಟೆಯ ದಾರಿ, ಕೈಯಲ್ಲಿ ಹದಿನಾಲ್ಕು ಗಂಟೆ. ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ.

"ಗುಂಡ್ಯ ದಾಟಿದ ಮೇಲೆ ಗುಡ್ಡ ಜಾರಿದೆ ಮಾರಾಯ್ರೆ. ಮಧ್ಯಾಹ್ನದಿಂದ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಸಿಗ್ನಲ್ ಸಿಕ್ಕಿದ್ದೇ ಈಗ. ಎಂಥ ಮಾಡುದು?"

ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರಲಿಲ್ಲ. ಅವರು ಬೆಂಗಳೂರು ಮುಟ್ಟಿದ್ದು ಬೆಳಗಿನ ಜಾವ. ಬೆಳಿಗ್ಗೆ ಹತ್ತರ ವಿಮಾನ ಹಿಡಿದರೂ ಸಿಂಗಾಪುರದಲ್ಲಿ ಇಳಿಯುವಾಗ ಅಲ್ಲಿನ ಗಡಿಯಾರದಲ್ಲಿ ಸಂಜೆ 5. ನಾಲ್ಕೂವರೆ ಗಂಟೆಯ ಹಾರಾಟ, ಜೊತೆಗೆ ಎರಡೂವರೆ ಗಂಟೆ ಸಮಯದ ವ್ಯತ್ಯಾಸ. ಅಷ್ಟರಲ್ಲಿ ಹಡಗಿನ ಚೆಕ್-ಇನ್ ಮುಗಿದಿರುತ್ತದೆ. ಅವರು ಮನೆಗೆ ವಾಪಸ್ ಬಂದರು. ಕ್ರೂಸಿನ ಹಣದಲ್ಲಿ ಒಂದು ರೂಪಾಯಿಯೂ ಸಿಗಲಿಲ್ಲ.

ನಾನು ಮಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದೇನೆ. ಒಂದು ದಿನ ಮೊದಲೇ ಸಿಂಗಾಪುರ ಸೇರಿಕೊಳ್ಳಿ ಎಂದು ಅವರಿಗೆ ಹೇಳಿದ್ದೆ. ಆದರೆ ಹೇಳಿ ಬಿಟ್ಟಿದ್ದೆ, ಒತ್ತಾಯ ಮಾಡಿರಲಿಲ್ಲ. ಆ ರಾತ್ರಿಯ ಮೇಲೆ ನಾನು ಒತ್ತಾಯ ಮಾಡುತ್ತೇನೆ. ಈ ಬರಹವೂ ಅದಕ್ಕೇ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಅಷ್ಟು ಹಣ ಕೊಟ್ಟಿದ್ದೇವೆ, ಒಂದು ಗಂಟೆ ಕಾದರೆ ಹಡಗಿಗೆ ಏನು ನಷ್ಟ? ಮದುವೆ ದಿಬ್ಬಣದ ಬಸ್ಸು ಕಾಯುತ್ತದೆ, ನಮ್ಮೂರಿನ ಸರ್ವಿಸ್ ಬಸ್ಸಿನ ಕಂಡಕ್ಟರ್ ಕೂಡ ದೂರದಿಂದ ಕೈ ಮಾಡಿದರೆ ವಿಸಿಲ್ ಹೊಡೆದು ನಿಲ್ಲಿಸುತ್ತಾರೆ. ಹಡಗಿಗೆ ಆ ಸ್ವಾತಂತ್ರ್ಯ ಇಲ್ಲ. ಮಂಗಳೂರಿನ ಬಂದರು ಇರುವ ಪಣಂಬೂರಿನಲ್ಲಿ ಹಡಗು ಒಳಗೆ ಬರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ಯಾಪ್ಟನ್ ತನ್ನ ಇಷ್ಟಕ್ಕೆ ಬಂದು ಹೋಗುವ ಹಾಗಿಲ್ಲ. ದಾರಿ ತೋರಿಸಲು ಬಂದರಿನ ಪೈಲಟ್ ಹತ್ತಬೇಕು, ಎಳೆದು ತಳ್ಳಲು ಟಗ್ ದೋಣಿ ಬೇಕು. ಕೆಲವು ಬಂದರುಗಳಲ್ಲಿ ನೀರಿನ ಉಬ್ಬರವೂ ಕೂಡಿ ಬರಬೇಕು. ಆ ಧಕ್ಕೆಗೆ, ಅಂದರೆ ಹಡಗು ನಿಲ್ಲುವ ಕಟ್ಟೆಗೆ, ಮುಂದಿನ ಹಡಗು ಬರುವ ಹೊತ್ತು ಮೊದಲೇ ನಿಗದಿಯಾಗಿರುತ್ತದೆ. ದೊಡ್ಡ ಕ್ರೂಸ್ ಹಡಗಿನ ಸಾಮಾನ್ಯ ವೇಗ ಸುಮಾರು 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ಅಷ್ಟೇ. ನಮ್ಮ ಸ್ಕೂಟರಿಗಿಂತ ನಿಧಾನ. ಒಂದು ಗಂಟೆ ತಡವಾಗಿ ಹೊರಟರೆ ಅದನ್ನು ಸಮುದ್ರದಲ್ಲಿ ಸರಿದೂಗಿಸುವುದು ಸುಲಭ ಅಲ್ಲ. ಸರಿದೂಗಿಸಲು ಹೋದರೆ ಇಂಧನ ಸುರಿಯಬೇಕು. ಒಳಗೆ ಎರಡು ಮೂರು ಸಾವಿರ ಜನ ಕೂತಿರುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಪ್ರಯಾಣಿಕರ ಪಟ್ಟಿ. ಹಡಗು ಹೊರಡುವ ಮೊದಲು ಯಾರ್ಯಾರು ಹತ್ತಿದ್ದಾರೆ ಎಂಬ ಕೊನೆಯ ಪಟ್ಟಿಯನ್ನು ವಲಸೆ ಅಧಿಕಾರಿಗಳಿಗೆ ಕೊಡಬೇಕು. ಅಮೆರಿಕದಲ್ಲಿ ಇದನ್ನು ಹೊರಡುವ 60 ನಿಮಿಷ ಮೊದಲೇ ಕೊಡಬೇಕೆಂಬ ನಿಯಮ ಇದೆ. ಅದಕ್ಕೇ ಟಿಕೆಟಿನಲ್ಲಿ 5 ಗಂಟೆ ಎಂದು ಬರೆದಿದ್ದರೂ ಚೆಕ್-ಇನ್ ಬಾಗಿಲು ಮೂರೂವರೆಗೋ ನಾಲ್ಕಕ್ಕೋ ಮುಚ್ಚುತ್ತದೆ. ಪಟ್ಟಿ ಹೋದ ಮೇಲೆ ನೀವು ಧಕ್ಕೆಯ ಗೇಟಿನ ಮುಂದೆ ನಿಂತಿದ್ದರೂ, ಹಡಗು ಕಣ್ಣೆದುರಿಗೇ ಇದ್ದರೂ, ಹತ್ತಲು ಆಗುವುದಿಲ್ಲ. ಟಿಕೆಟಿನಲ್ಲಿ ನೀವು ನೋಡಬೇಕಾದ ಸಮಯ ಹಡಗು ಹೊರಡುವುದಲ್ಲ, ಚೆಕ್-ಇನ್ ಮುಗಿಯುವುದು.

ಈಗ ನಮ್ಮ ಕಡೆಯ ಕಷ್ಟಕ್ಕೆ ಬರುತ್ತೇನೆ. ಮುಂಬೈಯಲ್ಲೋ ಕೊಚ್ಚಿಯಲ್ಲೋ ಇರುವವರಿಗೆ ಬಂದರು ಮನೆಯ ಬಾಗಿಲಲ್ಲೇ ಇದೆ. ನಮಗೆ ಮಧ್ಯದಲ್ಲಿ ಘಾಟಿ ಇದೆ, ಗುಡ್ಡದ ಮೇಲಿನ ರನ್‌ವೇ ಇದೆ, ಕೊಂಕಣ ರೈಲಿನ ಸುರಂಗಗಳಿವೆ. 2024ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಮೊದಲು ಗೋವಾದ ಪೆರ್ನೆಮ್ ಸುರಂಗದಲ್ಲಿ ನೀರು ನುಗ್ಗಿ ಕೊಂಕಣ ರೈಲು ನಿಂತಿತು. 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಅದೇ ತಿಂಗಳು ಬೆಂಗಳೂರು ದಾರಿಯ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿಯಿತು. 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಬೆಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ಒಂದೇ ತಿಂಗಳಲ್ಲಿ ಉತ್ತರಕ್ಕೆ ಹೋಗುವ ರಸ್ತೆ, ರೈಲು, ಪೂರ್ವಕ್ಕೆ ಹೋಗುವ ರಸ್ತೆ, ರೈಲು, ನಾಲ್ಕಕ್ಕೂ ಪೆಟ್ಟು ಬಿತ್ತು. ಶಿರಾಡಿ ಮುಚ್ಚಿದರೆ ಚಾರ್ಮಾಡಿ ಘಾಟಿ ಇದೆ ಎನ್ನುತ್ತೇವೆ. ಆದರೆ ಶಿರಾಡಿಯ ವಾಹನಗಳೆಲ್ಲ ಚಾರ್ಮಾಡಿಗೆ ತಿರುಗಿದಾಗ ಅಲ್ಲಿನ ತಿರುವುಗಳಲ್ಲಿ ಏನಾಗುತ್ತದೆ ಎಂದು ಒಮ್ಮೆ ಸಿಕ್ಕಿಹಾಕಿಕೊಂಡವರನ್ನು ಕೇಳಿ.

ಹಾಗಾದರೆ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಯಿಂದಲೇ ಹಾರಿದರೆ ಆಯ್ತಲ್ವಾ? ಘಾಟಿಗಿಂತ ಅದು ಒಳ್ಳೆಯದು, ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಂದು ವಿಷಯ ತಿಳಿದಿರಲಿ. ಮಂಗಳೂರಿನಿಂದ ಹೊರಡುವ ನಿಮ್ಮ ವಿಮಾನ ರಾತ್ರಿ ಇಲ್ಲೇ ಮಲಗಿ ಬೆಳಿಗ್ಗೆ ಎದ್ದು ಹೊರಡುವುದಲ್ಲ. ಹೆಚ್ಚಿನ ಸಲ ಅದು ಮುಂಬೈಯಿಂದಲೋ ಬೆಂಗಳೂರಿನಿಂದಲೋ ಬಂದು ಅರ್ಧ ಮುಕ್ಕಾಲು ಗಂಟೆಯಲ್ಲಿ ನಿಮ್ಮನ್ನು ಹತ್ತಿಸಿಕೊಂಡು ವಾಪಸ್ ಹೋಗುವ ವಿಮಾನ. ನಮ್ಮದು ಟೇಬಲ್‌ಟಾಪ್ ರನ್‌ವೇ. ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ಪೈಲಟ್ ಸ್ವಲ್ಪ ಹೊತ್ತು ಸುತ್ತಿ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ತಿರುಗಿಸುತ್ತಾರೆ. ತಿರುಗಿಸಲೇಬೇಕು. 2010ರ ಮೇ 22ರಂದು ಈ ಗುಡ್ಡದಲ್ಲಿ ವಿಮಾನ ದುರಂತಕ್ಕೆ 158 ಜನರನ್ನು ಕಳೆದುಕೊಂಡ ಊರು ನಮ್ಮದು, ಇಳಿಯದೆ ವಾಪಸ್ ಹೋದ ಪೈಲಟ್ ಮೇಲೆ ಯಾರೂ ಸಿಟ್ಟಾಗಬಾರದು. ಆದರೆ ಇಳಿಯಲಾಗದೆ ಹೋದದ್ದು ನೀವು ಹತ್ತಬೇಕಾದ ವಿಮಾನ. ಹೊರಗೆ ನೋಡಿದರೆ ಮಳೆ ನಿಂತಿರುತ್ತದೆ, ಬಿಸಿಲೂ ಬಂದಿರುತ್ತದೆ, ಬೋರ್ಡಿನಲ್ಲಿ ಮಾತ್ರ ನಾಲ್ಕು ಗಂಟೆ ತಡ.

ಮಳೆಗಾಲ ಬಿಟ್ಟು ಹೋದರೆ ತೊಂದರೆ ಇಲ್ಲ ಎಂದೂ ಅಲ್ಲ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು, ಬೆಂಗಳೂರಿನ ಬೆಳಗಿನ ಮಂಜು. ನಮ್ಮವರು ಯುರೋಪಿಗೆ ಹೋಗಲು ಜಾಸ್ತಿ ಇಷ್ಟಪಡುವುದು ದುಬೈ ಮೂಲಕ. ಮರಳುಗಾಡಿನಲ್ಲಿ ಮಳೆಯ ಭಯ ಯಾರಿಗಿರುತ್ತದೆ? 2024ರ ಏಪ್ರಿಲ್ 16ರಂದು ಅಲ್ಲಿ ಸುರಿದ ಮಳೆಗೆ ವಿಮಾನ ನಿಲ್ದಾಣವೇ ಕೆರೆಯಾಯಿತು. ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಸಾವಿರಾರು ಜನ ನೆಲದ ಮೇಲೆ ಮಲಗಿದರು.

ಇನ್ನು ಟಿಕೆಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜಾಸ್ತಿ ಹಣ ಕಳೆದುಹೋಗುವುದು ಇಲ್ಲೇ. ಮಂಗಳೂರಿನಿಂದ ಮುಂಬೈಗೆ ಒಂದು ಟಿಕೆಟ್, ಮುಂಬೈಯಿಂದ ಬಾರ್ಸಿಲೋನಾಗೆ ಇನ್ನೊಂದು ಟಿಕೆಟ್, ಹೀಗೆ ಬೇರೆ ಬೇರೆ ಮಾಡಿದರೆ ನಾಲ್ಕೈದು ಸಾವಿರ ಉಳಿಯಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬಾರದೇ ಉಳಿದವರು, ಅಷ್ಟೇ. ಮಳೆ ಬಂದದ್ದು ಅವರಿಗೆ ಸಂಬಂಧ ಇಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಎರಡೂ ಇದ್ದರೆ ಮುಂದಿನ ವಿಮಾನದಲ್ಲಿ ಕಳಿಸುವುದು ಅವರ ಜವಾಬ್ದಾರಿ. ಹೋಗುವ ವಿಮಾನ ಹತ್ತದೆ ಸುಮ್ನೆ ಬಿಟ್ಟರೆ ಅದೇ ಟಿಕೆಟಿನ ಬರುವ ಪ್ರಯಾಣವೂ ಸಾಮಾನ್ಯವಾಗಿ ತಾನಾಗಿ ರದ್ದಾಗುತ್ತದೆ. ಅದಕ್ಕೇ ಘಾಟಿಯಲ್ಲಿ ಸಿಕ್ಕಿಕೊಂಡ ಕೂಡಲೇ, ವಿಮಾನ ಹೊರಡುವ ಮೊದಲೇ, ಫೋನ್ ಮಾಡಿ ತಿಳಿಸಬೇಕು. ಪುತ್ತೂರಿನವರ ಫೋನ್ ಮಧ್ಯಾಹ್ನ ಎರಡಕ್ಕೆ ಬಂದಿದ್ದರೆ ಕಡೇಪಕ್ಷ ವಿಮಾನದ ಟಿಕೆಟನ್ನಾದರೂ ಬದಲಿಸಬಹುದಿತ್ತು. ಸಿಗ್ನಲ್ ಇರಲಿಲ್ಲ, ಅವರದ್ದೇನೂ ತಪ್ಪಿಲ್ಲ. ಈಗ ನಾನು ಎಲ್ಲರಿಗೂ ಹೇಳುತ್ತೇನೆ: ಘಾಟಿಗೆ ಮೊದಲು ಸಿಗುವ ಉಪ್ಪಿನಂಗಡಿ ದಾಟುವ ಮೊದಲೇ ಮನೆಯಲ್ಲಿ ಉಳಿದವರಿಗೆ ಟಿಕೆಟಿನ ಪ್ರತಿ, ನನ್ನ ನಂಬರ್, ಕ್ರೂಸ್ ಕಂಪನಿಯ ತುರ್ತು ನಂಬರ್ ಕಳಿಸಿಡಿ. ಇಷ್ಟು ಗಂಟೆಯೊಳಗೆ ಘಾಟಿಯ ಮೇಲಿನ ಸಕಲೇಶಪುರದಿಂದ ಫೋನ್ ಬರದಿದ್ದರೆ ಅವರು ನನ್ನನ್ನು ಕರೆಯಲಿ.

ಹವಾಮಾನದ ಕಾರಣಕ್ಕೆ ವಿಮಾನ ರದ್ದಾದರೆ ಕಂಪನಿ ಬೇರೆ ವಿಮಾನ ಕೊಡಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು. ಅದಕ್ಕಿಂತ ಆಚೆಗಿನ ಪರಿಹಾರ ಕೊಡಬೇಕೆಂದು ನಮ್ಮ ನಿಯಮ ಹೇಳುವುದಿಲ್ಲ, ಹವಾಮಾನ ಅವರ ಕೈಯಲ್ಲಿ ಇಲ್ಲ. ನಿಮ್ಮ ಹಡಗು ತಪ್ಪಿದ್ದರ ಲೆಕ್ಕ ಅವರು ಕೊಡುವುದಿಲ್ಲ.

"ಇನ್ಶೂರೆನ್ಸ್ ಮಾಡಿಸಿದ್ದೇವಲ್ಲ?" ಎಂದು ಕೇಳುತ್ತಾರೆ. ಮಾಡಿಸಲೇಬೇಕು. ಆದರೆ ಯಾವುದಕ್ಕೆ ಹಣ ಕೊಡುತ್ತಾರೆ ಎಂದು ಓದಿ. ವಿದೇಶ ಪ್ರಯಾಣದ ಹಲವು ಪಾಲಿಸಿಗಳು ಲೆಕ್ಕಕ್ಕೆ ಹಿಡಿಯುವುದು ವಿಮಾನದಂಥ, ಟಿಕೆಟ್ ಕೊಟ್ಟು ವೇಳಾಪಟ್ಟಿ ಪ್ರಕಾರ ಓಡುವ ವಾಹನದ ವಿಳಂಬವನ್ನು. ಸ್ವಂತ ಕಾರು ಶಿರಾಡಿಯಲ್ಲಿ ನಿಂತರೆ ಅದು ಅದರೊಳಗೆ ಬರುವುದಿಲ್ಲ. ಪುತ್ತೂರಿನವರಿಗೆ ಆದದ್ದು ಇದೇ. ಚಂಡಮಾರುತಕ್ಕೆ ಹೆಸರಿಟ್ಟು ಟಿವಿಯಲ್ಲಿ ಬಂದ ಮೇಲೆ ಕೊಂಡ ಪಾಲಿಸಿಯೂ ಆ ಚಂಡಮಾರುತಕ್ಕೆ ಉಪಯೋಗಕ್ಕೆ ಬರುವುದು ಅಪರೂಪ. ಮುಂಗಡ ಕಟ್ಟಿದ ದಿನವೇ ಪಾಲಿಸಿಯನ್ನೂ ಮಾಡಿಸಿ. ತಡವಾದರೆ ವಿಮಾನ ಕಂಪನಿಯಿಂದ ಕಾರಣ ಬರೆದ ಪತ್ರ ಕೇಳಿ ಪಡೆಯಿರಿ. ಕೌಂಟರಿನಲ್ಲಿ ಗದ್ದಲ ಇದ್ದರೂ ನಿಂತು ಕೇಳಿ. ಊರಿಗೆ ಬಂದ ಮೇಲೆ ಕೇಳಿದರೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಮುಂದಿನ ಬಂದರಿನಲ್ಲಿ ಹತ್ತಿದರಾಯ್ತು ಎನ್ನುವುದು ಇನ್ನೊಂದು ನಂಬಿಕೆ. ಕೆಲವು ಸಲ ಆಗುತ್ತದೆ. ಕ್ರೂಸ್ ಕಂಪನಿಯ ಒಪ್ಪಿಗೆ ಬೇಕು, ಆ ದೇಶದ ಅಧಿಕಾರಿಗಳ ಒಪ್ಪಿಗೆ ಬೇಕು, ಖರ್ಚು ಪೂರ್ತಿ ನಿಮ್ಮದು. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ವೀಸಾ ದೊಡ್ಡ ತಡೆ. ಹಡಗಿನಲ್ಲಿ ಇಳಿದು ನಾಲ್ಕು ಗಂಟೆ ಸುತ್ತಾಡಿ ಬರಲು ಸಡಿಲಿಕೆ ಇರುವ ಕೆಲವು ಕಡೆ ವಿಮಾನದಲ್ಲಿ ಹೋಗಿ ಇಳಿಯಬೇಕಾದರೆ ಪೂರ್ತಿ ವೀಸಾ ಬೇಕು. ಒಂದೇ ಪ್ರವೇಶದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ) ಇದ್ದು, ಹಡಗು ನಡುವೆ ಅದರ ಹೊರಗಿನ ಟ್ಯುನೀಷಿಯಾ ಮುಟ್ಟಿ ಬರುವುದಾದರೆ, ಯುರೋಪಿಗೆ ಎರಡನೇ ಸಲ ಕಾಲಿಡುವುದೇ ಕಷ್ಟ. ವೀಸಾ ಅರ್ಜಿ ಹಾಕುವಾಗಲೇ ಹಲವು ಪ್ರವೇಶದ್ದು ಕೇಳಿ.

ಮಧ್ಯದ ಬಂದರಿನಲ್ಲಿ ತಿರುಗಾಡಲು ಇಳಿದಾಗಲೂ ಗಡಿಯಾರ ಅಷ್ಟೇ ಕಟ್ಟುನಿಟ್ಟು. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೋ ಟೋಮೆ ದ್ವೀಪದಲ್ಲಿ ಖಾಸಗಿ ಪ್ರವಾಸಕ್ಕೆ ಹೋಗಿ ತಡವಾಗಿ ಬಂದ ಎಂಟು ಜನರನ್ನು ಹಡಗು ಬಿಟ್ಟು ಹೋಯಿತು. ಅವರು ಕಷ್ಟಪಟ್ಟು ಗ್ಯಾಂಬಿಯಾ ಸೇರಿದರು. ಅಲ್ಲಿ ನೀರಿನ ಇಳಿತದಿಂದ ಹಡಗು ಧಕ್ಕೆಗೆ ಬರಲೇ ಇಲ್ಲ. ಕೊನೆಗೆ ಸೆನೆಗಲ್‌ವರೆಗೆ ಹೋಗಬೇಕಾಯಿತು. ಹಡಗಿನವರೇ ಮಾಡಿಸುವ ಪ್ರವಾಸವಾದರೆ ಬಸ್ಸು ತಡವಾದರೂ ಸಾಮಾನ್ಯವಾಗಿ ಕಾಯುತ್ತಾರೆ. ಪಣಂಬೂರಿಗೆ ಬರುವ ವಿದೇಶಿ ಕ್ರೂಸ್ ಅತಿಥಿಗಳನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋಗುವ ನಮ್ಮ ಚಾಲಕರು ಇದನ್ನು ಚೆನ್ನಾಗಿ ಬಲ್ಲರು. ಎರಡು ಗಂಟೆ ಮೊದಲೇ ಬಂದರಿನ ಕಡೆ ಗಾಡಿ ತಿರುಗಿಸುತ್ತಾರೆ.

ನಮ್ಮ ಹಿರಿಯರಿಗೂ ಈ ಲೆಕ್ಕ ಗೊತ್ತಿತ್ತು. ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆ ಕಳೆದರೆ ಯಕ್ಷಗಾನದ ಆಟ, ದೈವದ ಕೋಲ ಎಲ್ಲ ನಿಲ್ಲುತ್ತಿತ್ತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ದೋಣಿಗಳು ಈಗಲೂ ಮಳೆಗಾಲದಲ್ಲಿ ಲಂಗರು ಹಾಕಿ ಕೂರುತ್ತವೆ. ಜೂನ್, ಜುಲೈ ಎರಡು ತಿಂಗಳು ಮಲ್ಪೆಯ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನಮಗೆ ಶಾಲೆಯ ರಜೆ, ಆಫೀಸಿನ ರಜೆ ನೋಡಿ ಹೊರಡಬೇಕು, ಅದು ನನಗೆ ಅರ್ಥವಾಗುತ್ತದೆ. ಹಾಗಾದರೆ ಆ ಬಿಡುವನ್ನು ಪ್ರಯಾಣದ ಒಳಗೇ ಇಟ್ಟುಕೊಳ್ಳಬೇಕು.

ಅಕ್ಟೋಬರ್ ಮೊದಲ ವಾರ ಉಡುಪಿಯ ಒಬ್ಬ ನಿವೃತ್ತ ಟೀಚರ್ ಮತ್ತು ಅವರ ಗಂಡ ಮುಂಬೈಯಿಂದ ಕ್ರೂಸ್ ಹೊರಟಿದ್ದರು. ಹಡಗಿನ ಹಿಂದಿನ ದಿನ ಬೆಳಿಗ್ಗೆ ಮುಂಬೈ ಮುಟ್ಟುವ ರೈಲು ಮಾಡಿಸಿದೆ. "ಒಂದು ರಾತ್ರಿಗೆ ಅಷ್ಟು ಬಾಡಿಗೆ ಯಾಕೆ?" ಎಂದು ಅವರು ಗೊಣಗಿದರು. ಕೊಂಕಣ ರೈಲಿಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ವೇಗ ಕಡಿಮೆ. ಅದರ ಮೇಲೆ ಆ ದಿನ ದಾರಿಯಲ್ಲಿ ದೊಡ್ಡ ಮಳೆ. ರೈಲು ಒಂಬತ್ತು ಗಂಟೆ ತಡ. ಅವರು ಹೋಟೆಲ್ ಸೇರಿದ್ದು ಸಂಜೆ. ಬಿಸಿ ನೀರಿನಲ್ಲಿ ಸ್ನಾನ ಮಾಡಿ, ಊಟ ಮಾಡಿ ಮಲಗಿದರು. ಮರುದಿನ ಹನ್ನೊಂದಕ್ಕೆ ಬಲ್ಲಾರ್ಡ್ ಪಿಯರ್‌ನಲ್ಲಿ ಸಾಲಿನ ಮುಂದೆ ನಿಂತಿದ್ದರು. ಹಡಗಿನ ದಿನವೇ ಬೆಳಿಗ್ಗೆ ಮುಟ್ಟುವ ಲೆಕ್ಕ ಹಾಕಿದ್ದರೆ ಆ ಒಂಬತ್ತು ಗಂಟೆ ಪೂರ್ತಿ ರಜೆಯನ್ನೇ ನುಂಗುತ್ತಿತ್ತು.

ಆಷಾಢದಲ್ಲಿ, ತುಳುವರ ಆಟಿ ತಿಂಗಳಲ್ಲಿ ಹೊರಡುವವರಿಗೆ ನಾನು ಒಂದು ದಿನ ಅಲ್ಲ, ಎರಡು ದಿನ ಹೇಳುತ್ತೇನೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅದು ಅತ್ಯಂತ ಭಾರಿ ಮಳೆ. ಸಾಮಾನ್ಯವಾಗಿ ರೆಡ್ ಅಲರ್ಟ್ ಕೊಡುವುದು ಇದಕ್ಕೇ. ದಕ್ಷಿಣ ಕನ್ನಡಕ್ಕೋ ಹಾಸನಕ್ಕೋ ಯಾವ ದಿನಕ್ಕೆ ಆ ಸೂಚನೆ ಇದೆಯೋ ಆ ದಿನ ನನ್ನ ಗ್ರಾಹಕರು ಘಾಟಿ ಹತ್ತುವುದನ್ನು ನಾನು ಒಪ್ಪುವುದಿಲ್ಲ. ಅದರ ಹಿಂದಿನ ಸಂಜೆಯೇ ಹೊರಟುಬಿಡಿ ಎನ್ನುತ್ತೇನೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಒಂದು ಜೊತೆ ಬಟ್ಟೆ, ಪಾಸ್‌ಪೋರ್ಟ್ ಎಲ್ಲ ಕೈಚೀಲದಲ್ಲೇ ಇರಲಿ.

ಪುತ್ತೂರಿನವರು ಮುಂದಿನ ಫೆಬ್ರವರಿಯಲ್ಲಿ ಮತ್ತೆ ಬಂದರು. ಮಗ ಒಂದು ವರ್ಷದ ಉಳಿತಾಯ ಮತ್ತೆ ಹಾಕಿದ್ದರು. ಈ ಸಲ ಬಜಪೆಯಿಂದ ಒಂದೇ ಟಿಕೆಟ್, ಸಿಂಗಾಪುರದಲ್ಲಿ ಬಂದರಿನ ಹತ್ತಿರ ಒಂದು ರಾತ್ರಿ. ಹಡಗಿನ ದಿನ ಬೆಳಿಗ್ಗೆ ಆರಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ಎದೆ ಧಸಕ್ಕೆಂದಿತು. ಆ ಕಡೆಯಿಂದ ಅಮ್ಮನ ದನಿ. ಅವರು ಹೋಟೆಲ್ ಕಿಟಕಿಯ ಹತ್ತಿರ ನಿಂತಿದ್ದರಂತೆ.

"ಹಡಗು ಇನ್ನೂ ಬರಲಿಲ್ಲ ಮಗಾ. ನಾವು ಬಂದಾಯ್ತು."