ಬೆಕ್ಕಿಗೆ ಪೆಟ್ಟು ಬಿದ್ದಾಗ: ಡಾಕ್ಟರ ಬಳಿ ಹೋಗುವ ಮುನ್ನ

ಮಹಡಿಯಿಂದ ಬಿದ್ದ ಬೆಕ್ಕು ಎದ್ದು ನಿಂತು, ಒಮ್ಮೆ ಮೈ ಕೊಡವಿ, ಸೀದಾ ಮಂಚದ ಕೆಳಗೆ ಹೋಗಿ ಕೂತರೆ ನೋಡಿದವರು ನಿಟ್ಟುಸಿರು ಬಿಡುತ್ತಾರೆ. ಕೂಗಾಟವಿಲ್ಲ, ರಕ್ತವಿಲ್ಲ, ಕುಂಟುತ್ತಲೂ ಇಲ್ಲ. ಸದ್ಯ, ಏನೂ ಆಗಲಿಲ್ಲ ಎಂದುಕೊಂಡು ಎಲ್ಲರೂ ತಮ್ಮ ಕೆಲಸಕ್ಕೆ ಹೊರಡುತ್ತಾರೆ. ಅಂಥ ಬೆಕ್ಕು ಮರುದಿನ ಬೆಳಗ್ಗೆ ಉಸಿರಿಗಾಗಿ ಪರದಾಡುವುದುಂಟು. ಎದೆಗೆ ಬಿದ್ದ ಪೆಟ್ಟಿನಿಂದ ಶ್ವಾಸಕೋಶದೊಳಗೆ ರಕ್ತ ಜಿನುಗುವುದು, ಊತ ಏರುವುದು ಎಲ್ಲ ನಿಧಾನವಾಗಿ ನಡೆಯುತ್ತವೆ. ಒಂದು ದಿನದವರೆಗೂ ಅದು ಹೆಚ್ಚುತ್ತಲೇ ಹೋಗಬಹುದು. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಹರಿದು, ಹೊಟ್ಟೆಯೊಳಗಿನ ಅಂಗಗಳು ಮೇಲಕ್ಕೆ ನುಗ್ಗಿದ್ದು ವಾರಗಳ ನಂತರ ಗೊತ್ತಾದ ಪ್ರಕರಣಗಳೂ ಇವೆ.

ಬೆಕ್ಕು ಎಲ್ಲಿಂದ ಬಿದ್ದರೂ ಕಾಲಮೇಲೇ ಇಳಿಯುತ್ತದೆ ಎಂಬ ನಂಬಿಕೆ ನಮ್ಮನ್ನು ಇನ್ನಷ್ಟು ಅಸಡ್ಡೆಗೆ ದೂಡುತ್ತದೆ. ಗಾಳಿಯಲ್ಲೇ ಮೈ ತಿರುಚಿಕೊಂಡು ಕಾಲು ಕೆಳಗೆ ಮಾಡಿಕೊಳ್ಳುವುದು ನಿಜ. ಫ್ರಾನ್ಸಿನ ಎಟಿಯೆನ್ ಜೂಲ್ ಮಾರೇ 1894ರಲ್ಲೇ ಅದನ್ನು ಸರಣಿ ಚಿತ್ರಗಳಲ್ಲಿ ಸೆರೆಹಿಡಿದು ತೋರಿಸಿದ್ದ. ಆದರೆ ಕಾಲಮೇಲೆ ಇಳಿಯುವುದು ಬೇರೆ, ಪೆಟ್ಟಾಗದೆ ಇಳಿಯುವುದು ಬೇರೆ. ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರ್‌ನ ವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ವಿವರಗಳನ್ನು 1987ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿಕೊಂಡವು. ಜನ ಈ ಒಂದು ಅಂಕಿಯನ್ನು ಮಾತ್ರ ನೆನಪಿಟ್ಟುಕೊಂಡರು. ಅದೇ ವರದಿಯಲ್ಲಿ, ಸುಮಾರು ಹತ್ತರಲ್ಲಿ ಒಂಬತ್ತು ಬೆಕ್ಕುಗಳ ಎದೆಭಾಗಕ್ಕೆ ಒಂದಲ್ಲ ಒಂದು ಪೆಟ್ಟಾಗಿತ್ತು ಎಂಬ ಮಾತೂ ಇದೆ. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಆಸ್ಪತ್ರೆಗೆ ಯಾರೂ ತರುವುದಿಲ್ಲ ಎಂಬುದನ್ನೂ ಆ ಶೇ. 90ರ ಪಕ್ಕದಲ್ಲಿಟ್ಟು ನೋಡಬೇಕು.

ಬೆಕ್ಕು ನೋವನ್ನು ಬಚ್ಚಿಡುವುದಕ್ಕೆ ಕಾರಣ ಅದರ ವಂಶದಲ್ಲೇ ಇದೆ. ಮನೆಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡುವ, ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗಬಹುದಾದ ಪುಟ್ಟ ಜೀವ ಅದು. ಕೂಗಿ ಕರೆದರೆ ನೆರವಿಗೆ ಬರಲು ಹಿಂಡಿಲ್ಲ. ಕೇಳಿಸಿಕೊಂಡು ಹುಡುಕಿ ಬರುವುದು ಶತ್ರುವೇ. ಹಾಗಾಗಿ ನೋವಾದಾಗ ಬೆಕ್ಕು ಮಾಡುವುದು ಇಷ್ಟೇ: ಮೂಲೆ ಸೇರುತ್ತದೆ, ಅಲುಗಾಡುವುದನ್ನು ನಿಲ್ಲಿಸುತ್ತದೆ. ಕೆಲವೊಮ್ಮೆ ಗುರ್‌ಗುರ್ ಎನ್ನುತ್ತದೆ. ಆ ಸದ್ದು ಕೇಳಿ ಸಮಾಧಾನಪಡುವಂತಿಲ್ಲ. ತೀವ್ರ ನೋವಿನಲ್ಲಿರುವ ಬೆಕ್ಕುಗಳೂ ಗುರುಗುಟ್ಟುತ್ತವೆ.

ಆದರೂ ಮುಖ ಪೂರ್ತಿ ಸುಳ್ಳು ಹೇಳುವುದಿಲ್ಲ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ಒಂದು ಮಾಪನ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ ಮತ್ತು ತಲೆಯ ಭಂಗಿ ಹೀಗೆ ಐದು ಸಂಗತಿಗಳಿಗೆ ತಲಾ 0ಯಿಂದ 2ರವರೆಗೆ ಅಂಕ. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬಂದರೆ ನೋವು ಶಮನದ ಔಷಧಿ ಬೇಕು ಎಂದು ಲೆಕ್ಕ. ನೋವಿಲ್ಲದ ಬೆಕ್ಕಿನ ಕಿವಿಗಳು ಮುಂದಕ್ಕೆ ಮುಖಮಾಡಿ ನೆಟ್ಟಗಿರುತ್ತವೆ. ನೋವಿದ್ದಾಗ ಚಪ್ಪಟೆಯಾಗಿ ಹೊರಕ್ಕೆ ತಿರುಗಿ, ಎರಡೂ ಕಿವಿಗಳ ನಡುವಿನ ಅಂತರ ಹೆಚ್ಚಿದಂತೆ ಕಾಣುತ್ತದೆ. ಕಣ್ಣು ಕಿರಿದಾಗುತ್ತದೆ. ದುಂಡಗಿದ್ದ ಮೂತಿ ಬಿಗಿದು ಉದ್ದುದ್ದವಾಗುತ್ತದೆ. ಸಡಿಲವಾಗಿ ಬಾಗಿದ್ದ ಮೀಸೆ ನೆಟ್ಟಗಾಗಿ ಮುಂದಕ್ಕೆ ಚಾಚುತ್ತದೆ. ತಲೆ ಭುಜದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಬೆಕ್ಕು ಆರೋಗ್ಯವಾಗಿದ್ದಾಗಿನ ಒಂದು ಫೋಟೋ ಮೊಬೈಲಿನಲ್ಲಿದ್ದರೆ ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ಎತ್ತಿಕೊಳ್ಳುವ ಮುನ್ನ ಎರಡಡಿ ದೂರದಲ್ಲಿ ಕುಳಿತು ಉಸಿರಾಟ ಗಮನಿಸುವುದು ಮೊದಲ ಕೆಲಸ. ಆ ಕೋಣೆಯ ಕಿಟಕಿ ಬಾಗಿಲು ಮಾತ್ರ ಮುಚ್ಚಿರಲಿ. ಗಾಬರಿಯಾದ ಬೆಕ್ಕು ಮುರಿದ ಕಾಲಿನಲ್ಲೂ ಓಡಬಲ್ಲದು. ಪಕ್ಕೆ ಏರಿ ಇಳಿದರೆ ಒಂದು ಉಸಿರು. ನೆಮ್ಮದಿಯಾಗಿ ಮಲಗಿದ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಕಡಿಮೆ ಸಲ ಉಸಿರಾಡುತ್ತದೆ. ಗಾಬರಿಯಲ್ಲಿ ಅದು ಏರುವುದು ಸಹಜ. ಆದರೆ ಪ್ರತಿ ಉಸಿರಿಗೂ ಹೊಟ್ಟೆ ಎಳೆದುಕೊಳ್ಳುತ್ತಿದ್ದರೆ, ಕತ್ತು ಮುಂದಕ್ಕೆ ಚಾಚಿ ಮೊಣಕೈಗಳನ್ನು ಹೊರಕ್ಕೆ ತಳ್ಳಿ ಕೂತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಮುಂದೆ ಓದುವುದನ್ನು ಬಿಟ್ಟು ಹೊರಡಿ. ನಾಯಿ ಏದುಸಿರು ಬಿಟ್ಟರೆ ಸೆಖೆಯೆಂದು ಬಿಡಬಹುದು. ಪೆಟ್ಟು ತಿಂದ ಬೆಕ್ಕು ಬಾಯಿ ತೆರೆಯಿತೆಂದರೆ ಅದು ತುರ್ತು ಪರಿಸ್ಥಿತಿಯೇ. ಅಂಥ ಬೆಕ್ಕನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಕೂಡದು, ಪಕ್ಕಕ್ಕೆ ಮಲಗಿಸಲು ಒತ್ತಾಯಿಸಲೂಕೂಡದು. ಅದು ಆರಿಸಿಕೊಂಡ ಭಂಗಿಯಲ್ಲೇ ಇರಲಿ.

ಬಿಟ್ಟುಕೊಟ್ಟರೆ ತುಟಿಯನ್ನು ಮೆಲ್ಲಗೆ ಸರಿಸಿ ವಸಡು ನೋಡಿ. ಗುಲಾಬಿ ಬಣ್ಣದ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡು, ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ಬರಬೇಕು. ಬಿಳಿ, ಬೂದು ಅಥವಾ ನೀಲಿ ಛಾಯೆ ಇದ್ದರೆ ರಕ್ತ ಪರಿಚಲನೆ ಕುಸಿಯುತ್ತಿದೆ ಅಥವಾ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. ಹೀಗೆ ರಕ್ತ ಪರಿಚಲನೆ ಕುಸಿಯುವ ಆಘಾತದ (ಶಾಕ್) ಸ್ಥಿತಿಯಲ್ಲಿ ಮನುಷ್ಯನ ಮತ್ತು ನಾಯಿಯ ಹೃದಯ ಸಾಮಾನ್ಯವಾಗಿ ಓಡತೊಡಗುತ್ತದೆ. ಬೆಕ್ಕಿನಲ್ಲಿ ಹಲವು ಸಲ ಇದು ತಿರುವುಮುರುವು: ಬಡಿತ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಬೆಕ್ಕಿನ ಮೈ ಬಿಸಿ ಸಹಜವಾಗಿಯೇ ನಮ್ಮದಕ್ಕಿಂತ ಹೆಚ್ಚು, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಅದರ ಕಿವಿ, ಪಾದ ಕೈಗೆ ತಣ್ಣಗೆ ಹತ್ತಿದರೆ ಕಡೆಗಣಿಸುವಂತಿಲ್ಲ. ಶಾಂತವಾಗಿದೆ, ಹೃದಯವೂ ಮೆಲ್ಲಗೆ ಬಡಿಯುತ್ತಿದೆ ಎಂದು ನೆಮ್ಮದಿಪಡುವವರು ನಿಜಕ್ಕೂ ಅಪಾಯದ ಅಂಚಿನಲ್ಲಿರುವ ಬೆಕ್ಕನ್ನೇ ನೋಡುತ್ತಿರಬಹುದು.

ತಣ್ಣಗಾದ ಬೆಕ್ಕಿಗೆ ಕಂಬಳಿ ಹೊದಿಸಿ, ಬೆಚ್ಚಗಿನ ಕೋಣೆಯಲ್ಲಿಡಿ. ಬಿಸಿನೀರಿನ ಚೀಲವನ್ನು ನೇರ ಮೈಗೆ ತಾಗಿಸುವುದು ಬೇಡ. ಚರ್ಮದಲ್ಲಿ ರಕ್ತದ ಓಡಾಟ ಕಡಿಮೆಯಾಗಿರುವಾಗ ಬಿಸಿ ಹರಡಿಹೋಗದೆ ಅಲ್ಲೇ ನಿಂತು ಸುಡುತ್ತದೆ. ಏಳಲಾಗದ ಬೆಕ್ಕು ಅದರಿಂದ ಸರಿದುಕೊಳ್ಳಲೂ ಆರದು.

ರಕ್ತ ಸೋರುತ್ತಿದ್ದರೆ ಒಂದು ಲೆಕ್ಕ ತಲೆಯಲ್ಲಿರಲಿ. ಬೆಕ್ಕಿನ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 60 ಮಿಲಿಲೀಟರ್ ರಕ್ತ. 4 ಕಿಲೋ ಬೆಕ್ಕಿನಲ್ಲಿರುವುದು ಒಟ್ಟು 240 ಮಿಲಿಲೀಟರ್, ಹೆಚ್ಚೂಕಡಿಮೆ ಒಂದು ಲೋಟ. ನಮಗೆ ಅಷ್ಟೇನಲ್ಲ ಅನ್ನಿಸುವ ರಕ್ತ ಅದರ ಪಾಲಿಗೆ ದೊಡ್ಡ ನಷ್ಟ. ಎಳೆ ಬಿಡದ ಶುಭ್ರ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ, ಕನಿಷ್ಠ ಐದು ನಿಮಿಷ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡುವ ಚಪಲವೇ ಇಲ್ಲಿ ದೊಡ್ಡ ಶತ್ರು; ಆಗತಾನೇ ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಬಟ್ಟೆಯ ಜೊತೆ ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಿ. ಕಾಲಿಗೆ ದಾರ ಬಿಗಿದು ರಕ್ತ ನಿಲ್ಲಿಸುವ ಸಾಹಸ ಬೇಡ. ಗಾಯದೊಳಗೆ ಗಾಜು, ಕಡ್ಡಿ, ತಂತಿ ಚುಚ್ಚಿ ನಿಂತಿದ್ದರೆ ಎಳೆಯಬೇಡಿ; ಒಳಗೆ ಹರಿದ ರಕ್ತನಾಳಕ್ಕೆ ಸದ್ಯಕ್ಕೆ ಅದೇ ಬಿರಡೆಯಾಗಿರಬಹುದು. ಬಾಯಿಂದಲೋ ಗುದದಿಂದಲೋ ದಾರ ನೇತಾಡುತ್ತಿದ್ದರೂ ಇದೇ ಮಾತು. ಅದರ ಇನ್ನೊಂದು ತುದಿ ಕರುಳಿನಲ್ಲಿ ಸಿಕ್ಕಿಕೊಂಡಿದ್ದರೆ ಎಳೆದಾಗ ಕರುಳೇ ಕೊಯ್ದುಹೋಗುತ್ತದೆ.

ಸಣ್ಣಪುಟ್ಟ ತರಚಿದ ಗಾಯಕ್ಕೆ ಕಸ ಮಣ್ಣು ಮೆತ್ತಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆದರೆ ಸಾಕು. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ, ಕಟು ವಾಸನೆಯ ನಂಜುನಾಶಕಗಳನ್ನು ಬೆಕ್ಕಿನ ಹತ್ತಿರವೂ ತರಬೇಡಿ. ಅವುಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಬೆಕ್ಕಿಗೆ ವಿಷ. ಮೈಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ, ಏಕೆಂದರೆ ಅದು ನೆಕ್ಕದೆ ಬಿಡುವುದಿಲ್ಲ. ನಮಗಾಗಿ ತಂದ ಮುಲಾಮುಗಳಿಗೂ ಇದೇ ತಕರಾರು. ಹೈಡ್ರೋಜನ್ ಪೆರಾಕ್ಸೈಡ್ ನೊರೆಯೆಬ್ಬಿಸಿ ಏನೋ ಕೆಲಸ ಮಾಡುತ್ತಿರುವಂತೆ ತೋರುತ್ತದೆ. ವಾಸಿಯಾಗಬೇಕಾದ ಜೀವಕೋಶಗಳನ್ನೂ ಅದು ಸುಡುತ್ತದೆ.

ಬೆಕ್ಕು ಬೆಕ್ಕುಗಳ ಜಗಳದ ಗಾಯ ಇನ್ನೊಂದು ಬಗೆಯ ಮೋಸ. ಸೂಜಿಯಂಥ ಕೋರೆಹಲ್ಲು ಆಳಕ್ಕಿಳಿದು ಬಾಯಿಯ ಬ್ಯಾಕ್ಟೀರಿಯಾಗಳನ್ನು, ಮುಖ್ಯವಾಗಿ ಪಾಶ್ಚುರೆಲ್ಲಾವನ್ನು, ಒಳಗಿಟ್ಟು ಹೊರಬರುತ್ತದೆ. ಮೇಲಿನ ತೂತು ಬೇಗನೆ ಮುಚ್ಚಿಕೊಳ್ಳುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಅಲ್ಲಿ ಬಿಸಿಯಾದ ಊತ, ಜ್ವರ, ಊಟ ಬಿಡುವುದು. ಆಗ ಒಳಗೆ ಕೀವು ತುಂಬಿರುತ್ತದೆ. ಅದನ್ನು ಮನೆಯಲ್ಲಿ ಹಿಸುಕುವುದು ಬೇಡವೇ ಬೇಡ.

ಮನೆಯಲ್ಲಿ ನಡೆಯುವ ಅತಿ ದೊಡ್ಡ ಅನಾಹುತ ಔಷಧಿಯ ಡಬ್ಬಿಯಿಂದ ಬರುತ್ತದೆ. ನೋವಿನಲ್ಲಿದೆ, ಪಾಪ, ಕಾಲು ಮಾತ್ರೆ ಪ್ಯಾರಾಸಿಟಮಾಲ್ ಕೊಡೋಣ ಎಂದು ಅನ್ನಿಸುವುದು ಕರುಣೆಯಿಂದಲೇ. ಮನುಷ್ಯನ ಯಕೃತ್ತು ಈ ಔಷಧಿಯ ಬಹುಪಾಲಿಗೆ ಗ್ಲುಕುರೋನಿಕ್ ಆಮ್ಲವನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಆ ಅಂಟಿಸುವ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಕಿಣ್ವದ ಜೀನ್ ಬೆಕ್ಕಿನ ವಂಶದಲ್ಲಿ ಕೆಟ್ಟು ನಿಷ್ಕ್ರಿಯವಾಗಿದೆ. ಹೆಚ್ಚಾಗಿ ಮಾಂಸವನ್ನೇ ತಿಂದು ಬದುಕಿದ ಪ್ರಾಣಿಗೆ ಗಿಡಗಳ ರಾಸಾಯನಿಕಗಳನ್ನು ಕಳೆಯುವ ಆ ಸಾಮಗ್ರಿ ಅಷ್ಟಾಗಿ ಬೇಕಾಗಲಿಲ್ಲ ಎಂದು ವಿಜ್ಞಾನಿಗಳು ಇದನ್ನು ವಿವರಿಸುತ್ತಾರೆ. ಹೊರಹೋಗಲಾಗದ ಪ್ಯಾರಾಸಿಟಮಾಲ್ ಇನ್ನೊಂದು ದಾರಿ ಹಿಡಿದು ವಿಷಕಾರಿ ವಸ್ತುಗಳಾಗುತ್ತದೆ. ಅವು ಹೀಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾಗದ ಮೆಥೆಮೋಗ್ಲೋಬಿನ್ ಆಗಿ ಬದಲಿಸುತ್ತವೆ. ಬೆಕ್ಕಿನ ಹೀಮೋಗ್ಲೋಬಿನ್ ಈ ದಾಳಿಗೆ ನಮ್ಮದಕ್ಕಿಂತ ಬೇಗ ಸೋಲುತ್ತದೆ. ವಸಡು ಕಂದು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. ಕಿಲೋ ತೂಕಕ್ಕೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲೂ ವಿಷವೇರಿದ ವರದಿಗಳಿವೆ. 4 ಕಿಲೋ ಬೆಕ್ಕಿಗೆ ಅದು 40 ಮಿಲಿಗ್ರಾಂ. 500 ಮಿಲಿಗ್ರಾಂ ಮಾತ್ರೆಯನ್ನು ಹನ್ನೆರಡು ಚೂರು ಮಾಡಿದರೆ ಒಂದು ಚೂರು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಇವೂ ಮನೆಯವರ ನಿರ್ಧಾರಕ್ಕೆ ಬಿಡುವಂಥವಲ್ಲ. ನಾಯಿಗೆಂದು ಬರೆದುಕೊಟ್ಟ ನೋವಿನ ಔಷಧಿಯೂ ಅಷ್ಟೇ.

ಮೂಳೆ ಮುರಿದಿದೆ ಎನ್ನಿಸಿದರೆ ಪಟ್ಟಿ ಕಟ್ಟಿ ನೆಟ್ಟಗೆ ಮಾಡಲು ಹೋಗಬೇಡಿ. ಮನೆಯಲ್ಲಿ ಕಟ್ಟಿದ ದಬ್ಬೆ ಮುರಿತವನ್ನು ಹೆಚ್ಚಿಸುವುದೇ ಜಾಸ್ತಿ. ಹಿಂಗಾಲುಗಳನ್ನು ಎಳೆದುಕೊಂಡು ಹೋಗುತ್ತಿದ್ದರೆ ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಆಗ ಗಟ್ಟಿ ರಟ್ಟನ್ನೋ ಹಲಗೆಯನ್ನೋ ಪಕ್ಕದಲ್ಲಿಟ್ಟು, ಬೆನ್ನು ಬಾಗದಂತೆ ಮೆಲ್ಲಗೆ ಅದರ ಮೇಲೆ ಜಾರಿಸಬೇಕು. ಬಾಲ ಜೋತುಬಿದ್ದಿದ್ದರೆ ಬಾಲವೊಂದನ್ನೇ ನೋಡಿ ಸುಮ್ಮನಾಗಬೇಡಿ. ಅದು ಜಗ್ಗಿದಾಗ ಮೂತ್ರಕೋಶದ ನರಗಳೂ ಹರಿದಿರಬಹುದು. ಮೂತ್ರ ಮಾಡುತ್ತಿದೆಯೇ ಎಂಬುದು ವೈದ್ಯರಿಗೆ ಬೇಕಾದ ಮಾಹಿತಿ.

ಹಿಡಿಯುವಾಗ ಕತ್ತಿನ ಹಿಂದಿನ ಚರ್ಮ ಹಿಡಿದೆತ್ತುವ ಹಳೆಯ ಪದ್ಧತಿಯನ್ನು ಬೆಕ್ಕಿನ ವೈದ್ಯರು ಈಗ ಒಪ್ಪುವುದಿಲ್ಲ. ದಪ್ಪ ಟವೆಲ್ ಒಂದನ್ನು ಹಿಂದಿನಿಂದ ಮೈಮೇಲೆ ಹಾಕಿ, ತಲೆಯನ್ನೂ ಸಡಿಲವಾಗಿ ಮುಚ್ಚಿ, ಎದೆಯ ಕೆಳಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಟ್ಟು ಎತ್ತಿ. ಎಷ್ಟೇ ಮುದ್ದಿನದಾದರೂ ನೋವಿನಲ್ಲಿ ಕಚ್ಚುತ್ತದೆ. ಕಚ್ಚಿದರೆ ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ನಿಮ್ಮ ವೈದ್ಯರನ್ನು ಕಾಣಿ. ಬೆಕ್ಕಿನ ಕಡಿತ, ಅದರಲ್ಲೂ ಬೆರಳ ಗೆಣ್ಣಿನ ಬಳಿಯದು, ಬೇಗ ನಂಜಾಗುತ್ತದೆ. ರೇಬೀಸ್ ಇರುವ ಕಡೆಗಳಲ್ಲಿ ಲಸಿಕೆಯ ವಿಚಾರದಲ್ಲಿ ಒಂದು ದಿನವನ್ನೂ ಮುಂದೂಡುವಂತಿಲ್ಲ.

ಮೇಲ್ಭಾಗ ಕಳಚಿಕೊಳ್ಳುವ ಕ್ಯಾರಿಯರ್ ಇದ್ದರೆ ಬೆಕ್ಕನ್ನು ಮೇಲಿನಿಂದಲೇ ಇಳಿಸಬಹುದು. ವೈದ್ಯರೂ ಮುಚ್ಚಳ ತೆಗೆದು, ಅದನ್ನು ಎಳೆದಾಡದೆ ಕೆಳಭಾಗದಲ್ಲೇ ಕೂರಿಸಿ ಪರೀಕ್ಷಿಸಬಹುದು. ಇಲ್ಲದಿದ್ದರೆ ಗಾಳಿಗೆ ತೂತು ಮಾಡಿದ ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು. ಮೇಲೊಂದು ಬಟ್ಟೆ ಹೊದಿಸಿದರೆ ಕತ್ತಲಲ್ಲಿ ಗಾಬರಿ ಇಳಿಯುತ್ತದೆ. ಊಟ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು. ಅರೆಪ್ರಜ್ಞೆಯ ಬೆಕ್ಕಿನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಹಾಗೆಂದು ಡಾಕ್ಟರು ನಾಳೆ ಸಿಗುತ್ತಾರೆ, ನಾಡಿದ್ದು ಸಿಗುತ್ತಾರೆ ಎಂದು ದಿನಗಟ್ಟಲೆ ಉಪವಾಸ ಕೆಡವುವುದೂ ತಪ್ಪು. ಊಟ ಬಿಟ್ಟ ಬೆಕ್ಕಿನ ಯಕೃತ್ತಿನಲ್ಲಿ ಕೆಲವೇ ದಿನಗಳಲ್ಲಿ ಕೊಬ್ಬು ತುಂಬಿ, ಅದೇ ಬೇರೊಂದು ಕಾಯಿಲೆಯಾಗುತ್ತದೆ.

ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ. ತೆರೆದಿದೆಯೇ ಎಂದು ತಿಳಿಯುತ್ತದೆ, ಆಮ್ಲಜನಕ ಸಿದ್ಧವಿಡಲು ಅವರಿಗೂ ಸಮಯ ಸಿಗುತ್ತದೆ. ಪೆಟ್ಟು ಎಷ್ಟು ಹೊತ್ತಿಗೆ ಬಿತ್ತು, ಆಮೇಲೆ ನಡೆಯಿತೇ, ಮೂತ್ರ ಮಾಡಿತೇ, ಉಸಿರು ನಿಮಿಷಕ್ಕೆ ಎಷ್ಟಿತ್ತು ಎಂಬುದನ್ನು ಹೇಳಿ. ಮನೆಯಲ್ಲಿ ಯಾರಾದರೂ ಮಾತ್ರೆ ಕೊಟ್ಟಿದ್ದರೆ ಆ ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೇ ಒಯ್ಯಿರಿ, ಬೈಸಿಕೊಳ್ಳಬೇಕಾದೀತೆಂದು ಮುಚ್ಚಿಡಬೇಡಿ. ಪ್ಯಾರಾಸಿಟಮಾಲ್ ವಿಷಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಮೊದಲ ಕೆಲವು ಗಂಟೆಗಳಲ್ಲೇ ಕೊಟ್ಟರೆ ಅದರ ಪ್ರಯೋಜನ ಹೆಚ್ಚು, ಮತ್ತು ಅದನ್ನು ಕೊಡಬೇಕೆಂದು ವೈದ್ಯರಿಗೆ ಹೊಳೆಯಲು ನೀವು ಬಾಯಿಬಿಡಬೇಕು.