ಡಬ್ಬದ ಮೇಲಿನ 60

ಕಂಪ್ಯೂಟರ್ ಗೇಮ್‌ಗಳ ಚಿತ್ರವನ್ನು ಪರದೆಗೆ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡ್‌ಗಳ ಬೆಲೆ ಮುಗಿಲು ಮುಟ್ಟಿದೆ ಅನ್ನೋ ದೂರು ಹೊಸದಲ್ಲ. ಆದರೆ ಎನ್‌ವಿಡಿಯಾ ಕಂಪನಿಯ '60' ಸಾಲಿನ, ಅಂದರೆ ಹೆಸರು 60ರಲ್ಲಿ ಕೊನೆಯಾಗುವ, ಕಾರ್ಡ್‌ಗಳ ಬಿಡುಗಡೆಯ ಬೆಲೆಗಳನ್ನು ಒಂದರ ಕೆಳಗೊಂದು ಬರೆದು ನೋಡಿ, ದೂರು ಸ್ವಲ್ಪ ವಿಚಿತ್ರ ಅನಿಸುತ್ತದೆ. 2015ರ ಜಿಟಿಎಕ್ಸ್ 960ಕ್ಕೆ 199 ಡಾಲರ್. 2016ರ ಜಿಟಿಎಕ್ಸ್ 1060ಕ್ಕೆ, ಅದರ 6 ಜಿಬಿ ಮಾದರಿಗೆ, 249. 2019ರ ಆರ್‌ಟಿಎಕ್ಸ್ 2060ಕ್ಕೆ 349. 2021ರ 3060ಕ್ಕೆ 329. 2023ರ 4060ಕ್ಕೆ 299. 2025ರ 5060ಕ್ಕೂ ಅದೇ 299. ಏರಿತು, ಇಳಿಯಿತು, ನಿಂತಿತು. ಅಷ್ಟರಲ್ಲಿ ಡಾಲರ್ ಕೂಡ ಸವೆದಿದೆ. 2016ರ 249 ಡಾಲರ್ ಅಂದರೆ 2023ರಲ್ಲಿ ಹೆಚ್ಚುಕಡಿಮೆ 315. ಹಾಗೆ ನೋಡಿದರೆ 4060 ತನ್ನ ಮುತ್ತಜ್ಜನಿಗಿಂತ ಅಗ್ಗ!

ಹಾಗಾದರೆ ಜನ ಸುಮ್ನೆ ಗೊಣಗುತ್ತಿದ್ದಾರಾ? ಇಲ್ಲ. ಬೆಲೆಯ ಚೀಟಿ ಬಿಟ್ಟು ಡಬ್ಬದೊಳಗೆ ಏನಿದೆ ಅಂತ ನೋಡಬೇಕು.

ಪ್ರತಿ ತಲೆಮಾರಿನಲ್ಲೂ ಗೇಮ್ ಆಡುವವರಿಗಾಗಿ ಒಂದು ದೊಡ್ಡ ಚಿಪ್ ತಯಾರಾಗುತ್ತದೆ. ಅದೇ ವಿನ್ಯಾಸವನ್ನು ಕಿರಿದು ಮಾಡುತ್ತಾ ಉಳಿದ ಕಾರ್ಡ್‌ಗಳ ಚಿಪ್‌ಗಳು ಹುಟ್ಟುತ್ತವೆ. ಚಿಪ್‌ನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕಗಳಿಗೆ ಕೋರ್ ಅನ್ನುತ್ತಾರೆ. ಆ ದೊಡ್ಡ ಚಿಪ್‌ನಲ್ಲಿರುವ ಒಟ್ಟು ಕೋರ್‌ಗಳಲ್ಲಿ '60' ಕಾರ್ಡಿಗೆ ಎಷ್ಟು ಪಾಲು ಬಂತು? 960ಕ್ಕೆ 3072ರಲ್ಲಿ 1024, ಅಂದರೆ ಸರಿಯಾಗಿ ಮೂರನೇ ಒಂದು ಭಾಗ. 1060ಕ್ಕೆ 3840ರಲ್ಲಿ 1280, ಮತ್ತೆ ಮೂರನೇ ಒಂದು. 2060ಕ್ಕೆ 4608ರಲ್ಲಿ 1920 ಸಿಕ್ಕಿತು. ಪಾಲು ಶೇ 42ಕ್ಕೆ ಏರಿತು, ಬೆಲೆಯೂ ಏರಿತ್ತು ಬಿಡಿ. 3060ಕ್ಕೆ 10752ರಲ್ಲಿ 3584, ಪುನಃ ಮೂರನೇ ಒಂದು. ಆಮೇಲೆ 4060 ಬಂತು. 18432ರಲ್ಲಿ ಅದಕ್ಕೆ ಸಿಕ್ಕಿದ್ದು 3072. ಆರನೇ ಒಂದು ಭಾಗ! 5060ಕ್ಕೆ 24576ರಲ್ಲಿ 3840, ಆರನೇ ಒಂದಕ್ಕಿಂತಲೂ ಚೂರು ಕಡಿಮೆ.

ಇನ್ನೊಮ್ಮೆ ನೋಡಿ. 3060ರಲ್ಲಿ 3584 ಕೋರ್ ಇತ್ತು, ಅದರ ನಂತರದ 4060ರಲ್ಲಿ 3072. ಹೊಸ ಕಾರ್ಡಿನಲ್ಲಿ ಕೋರ್‌ಗಳೇ ಕಮ್ಮಿಯಾದವು. ಚಿಪ್‌ನ ವಿಸ್ತೀರ್ಣ 276 ಚದರ ಮಿಲಿಮೀಟರ್‌ನಿಂದ 159ಕ್ಕೆ ಇಳಿಯಿತು. ಮೆಮೊರಿ 12 ಜಿಬಿಯಿಂದ 8 ಜಿಬಿಗೆ ಬಂತು. ಇಷ್ಟಾದರೂ 4060 ಸುಮಾರು ಶೇ 20ರಷ್ಟು ವೇಗವಾಗಿದೆ. ಅದರ ಕೋರ್‌ಗಳು ಕೆಲಸ ಮಾಡುವ ಗಡಿಯಾರದ (ಕ್ಲಾಕ್) ವೇಗ ಜಾಸ್ತಿ, ಪದೇ ಪದೇ ಬೇಕಾಗುವ ಮಾಹಿತಿಯನ್ನು ಚಿಪ್ ಒಳಗೇ ಇಟ್ಟುಕೊಳ್ಳುವ ಕ್ಯಾಶ್ ಮೆಮೊರಿ 3 ಎಂಬಿಯಿಂದ 24 ಎಂಬಿಗೆ ಬೆಳೆದಿದೆ, ಕರೆಂಟೂ ಕಡಿಮೆ ತಿನ್ನುತ್ತದೆ. ಒಳ್ಳೆಯ ಎಂಜಿನಿಯರಿಂಗ್, ಅನುಮಾನವಿಲ್ಲ. ಆದರೆ ಆ ಎಂಜಿನಿಯರಿಂಗ್‌ನ ಲಾಭ ಕೊಳ್ಳುವವರಿಗಿಂತ ಮಾರುವವರಿಗೇ ಹೆಚ್ಚು ಹೋಯಿತು ಅನ್ನೋದು ನನ್ನ ಅಭಿಪ್ರಾಯ. ಅದೇ ತಲೆಮಾರಿನ ತುದಿಯಲ್ಲಿ, ದುಬಾರಿ '90' ಕಾರ್ಡ್‌ಗಳಲ್ಲಿ, ನಡೆದದ್ದೇ ಬೇರೆ. 3090ರ 10496 ಕೋರ್‌ಗಳು 4090ರಲ್ಲಿ 16384 ಆದವು. 1599 ಡಾಲರ್ ಕೊಟ್ಟವರಿಗೆ ನಿಜವಾದ ಜಿಗಿತ ಸಿಕ್ಕಿತು, 299 ಕೊಟ್ಟವರಿಗೆ ಒಂದು ಹೆಜ್ಜೆ.

ಚಿಪ್‌ನ ಗಾತ್ರದ ಮೇಲೆ ಇಷ್ಟೊಂದು ಜಿಪುಣತನ ಯಾಕೆ? ಅದಕ್ಕೆ ಸಿಲಿಕಾನ್ ಬಿಲ್ಲೆಯ ಲೆಕ್ಕ ತಿಳಿಯಬೇಕು. ಚಿಪ್‌ಗಳು 300 ಮಿಲಿಮೀಟರ್ ಅಡ್ಡಳತೆಯ ದುಂಡನೆಯ ವೇಫರ್ ಮೇಲೆ ತಯಾರಾಗುತ್ತವೆ. ಕಾರ್ಖಾನೆ ದುಡ್ಡು ತೆಗೆದುಕೊಳ್ಳುವುದು ವೇಫರ್ ಲೆಕ್ಕದಲ್ಲಿ. ದುಂಡನೆಯ ಕೋಣೆಗೆ ಚೌಕದ ಟೈಲ್ಸ್ ಹಾಕಿದ ಹಾಗೆ, ಅಂಚಿನಲ್ಲಿ ಒಂದಿಷ್ಟು ಜಾಗ ವ್ಯರ್ಥವಾಗಿಯೇ ಆಗುತ್ತದೆ. ಟೈಲ್ಸ್ ದೊಡ್ಡದಾದಷ್ಟೂ ವ್ಯರ್ಥ ಜಾಸ್ತಿ. 600 ಚದರ ಮಿಲಿಮೀಟರ್‌ನ ಚಿಪ್‌ಗಳಾದರೆ ಒಂದು ವೇಫರ್‌ನಲ್ಲಿ ಸುಮಾರು 90 ಕೂರುತ್ತವೆ. 150 ಚದರ ಮಿಲಿಮೀಟರ್‌ನವು ಸುಮಾರು 415.

ಇಷ್ಟಕ್ಕೇ ಮುಗಿಯುವುದಿಲ್ಲ. ವೇಫರ್ ಮೇಲೆ ಅಲ್ಲಲ್ಲಿ ಕಣ್ಣಿಗೆ ಕಾಣದ ದೋಷಗಳು ಬೀಳುತ್ತವೆ. ಸರಾಸರಿ 10 ಚದರ ಸೆಂಟಿಮೀಟರ್‌ಗೆ ಒಂದು ದೋಷ ಅಂತ ಇಟ್ಟುಕೊಳ್ಳೋಣ. ದೊಡ್ಡ ಚಿಪ್ ಹೆಚ್ಚು ಜಾಗ ಹರಡಿಕೊಂಡಿರುವುದರಿಂದ ಅದರ ಮೇಲೆ ದೋಷ ಬೀಳುವ ಸಾಧ್ಯತೆಯೂ ಹೆಚ್ಚು. ಲೆಕ್ಕ ಹಾಕಿದರೆ 600ರ ಚಿಪ್‌ಗಳಲ್ಲಿ ಶೇ 55ರಷ್ಟು ಮಾತ್ರ ಪೂರ್ತಿ ಶುದ್ಧವಾಗಿ ಹೊರಬರುತ್ತವೆ, 150ರವು ಶೇ 86ರಷ್ಟು. ಅಂದರೆ ಒಂದೇ ವೇಫರ್‌ನಿಂದ ದೊಡ್ಡವು 50, ಚಿಕ್ಕವು ಹತ್ತಿರ ಹತ್ತಿರ 360. ಗಾತ್ರ ನಾಲ್ಕು ಪಟ್ಟು, ತಯಾರಿಕೆಯ ಖರ್ಚು ಏಳು ಪಟ್ಟು! ದೊಡ್ಡ ಕಾರ್ಡ್‌ಗಳ ಬೆಲೆ ವೇಗಕ್ಕಿಂತ ಜೋರಾಗಿ ಏರುವುದರ ಹಿಂದೆ ಬರೀ ದುರಾಸೆಯಷ್ಟೇ ಇಲ್ಲ, ಈ ಗಣಿತವೂ ಇದೆ.

ದೋಷ ಇರುವ ಚಿಪ್‌ಗಳನ್ನೆಲ್ಲ ಎಸೆಯುವುದಿಲ್ಲ. ಕೆಟ್ಟ ಭಾಗವನ್ನು ಮುಚ್ಚಿ, ಉಳಿದದ್ದನ್ನು ಸ್ವಲ್ಪ ಕೆಳಗಿನ ಹೆಸರಿನಲ್ಲಿ ಮಾರುತ್ತಾರೆ. 4090 ಕೂಡ ಪೂರ್ತಿ ಚಿಪ್ ಅಲ್ಲ. ಅದರ 18432 ಕೋರ್‌ಗಳಲ್ಲಿ 2048 ಮುಚ್ಚಿವೆ. 1599 ಡಾಲರ್ ಕೊಟ್ಟು ಕೊಂಡವರು ಇದನ್ನು ತಿಳಿದು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಆ ಮುಚ್ಚಿದ ಭಾಗವೇ ಬೆಲೆಯನ್ನು ಒಂದಿಷ್ಟು ತಡೆದಿರುವುದು.

ವೇಫರ್‌ಗೆ ಪೈಪೋಟಿಯೂ ಇದೆ. ಮೊದಲು ಕ್ರಿಪ್ಟೊ ಮೈನಿಂಗ್ ಮಾಡುವವರು, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬಿಡಿಸಿ ಡಿಜಿಟಲ್ ನಾಣ್ಯ ಗಳಿಸುವವರು, ಕಾರ್ಡ್‌ಗಳನ್ನು ಬಾಚಿಕೊಂಡರು. 2022ರ ಸೆಪ್ಟೆಂಬರ್ 15ರಂದು ಅಂಥ ನಾಣ್ಯಜಾಲಗಳಲ್ಲಿ ಒಂದಾದ ಎಥೀರಿಯಂ ತನ್ನ ವಿಧಾನ ಬದಲಿಸಿ ಮೈನಿಂಗನ್ನೇ ಕೈಬಿಟ್ಟಿತು, ಆ ಕಾಟ ಬಹುಮಟ್ಟಿಗೆ ತಪ್ಪಿತು. ಆಮೇಲೆ ಬಂದದ್ದು ಎಐ. 2025ರ ಜನವರಿಗೆ ಕೊನೆಯಾದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾಗೆ ಡೇಟಾ ಸೆಂಟರ್‌ಗಳಿಂದ ಬಂದ ಆದಾಯ 115 ಶತಕೋಟಿ ಡಾಲರ್, ಗೇಮಿಂಗ್‌ನಿಂದ ಬಂದದ್ದು 11 ಶತಕೋಟಿ ಚಿಲ್ಲರೆ. ಎರಡೇ ವರ್ಷ ಹಿಂದೆ ಈ ಅಂಕಿಗಳು 15 ಮತ್ತು 9 ಇದ್ದವು. ಅದೇ ಕಾರ್ಖಾನೆಯ ವೇಫರ್‌ನಿಂದ ಅಷ್ಟು ಲಾಭ ಬರುವಾಗ ಗೇಮ್ ಆಡುವವರಿಗೆ ಧಾರಾಳವಾಗಿ ಸಿಲಿಕಾನ್ ಹಂಚಲು ಯಾವ ಕಂಪನಿಗೆ ಮನಸ್ಸು ಬರುತ್ತದೆ?

ಇದು ಮಾರುವವರ ಕಡೆಯ ಕತೆ. ಕೊಳ್ಳುವವರ ಕಡೆಯಿಂದ ನೋಡಿದರೆ, ಸಾಮಾನ್ಯವಾಗಿ ಬೆಲೆಯನ್ನು ಸೆಕೆಂಡಿಗೆ ಸಿಗುವ ಫ್ರೇಮ್‌ಗಳಿಂದ, ಅಂದರೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆಯಿಂದ, ಭಾಗಿಸುತ್ತಾರೆ. ಒಂದು ಫ್ರೇಮ್‌ಗೆ ಇಷ್ಟು ಡಾಲರ್ ಅಂತ ಲೆಕ್ಕ ಸಿಗುತ್ತದೆ. ಒಳ್ಳೆಯದೇ, ಆದರೆ ಎಲ್ಲ ಫ್ರೇಮ್‌ಗಳ ಬೆಲೆಯೂ ಒಂದೇ ಅಂತ ಈ ಭಾಗಾಕಾರ ಅಂದುಕೊಳ್ಳುತ್ತದೆ. ಕಣ್ಣು ಹಾಗೆ ಅಂದುಕೊಳ್ಳುವುದಿಲ್ಲ. ಸೆಕೆಂಡಿಗೆ 30 ಫ್ರೇಮ್ ಇದ್ದಾಗ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 33 ಮಿಲಿಸೆಕೆಂಡ್ ಇರುತ್ತದೆ. 60 ಆದರೆ ಸುಮಾರು 17. ಉಳಿತಾಯ 16 ಮಿಲಿಸೆಕೆಂಡ್‌ಗೂ ಜಾಸ್ತಿ, ಯಾರಿಗಾದರೂ ಗೊತ್ತಾಗುತ್ತದೆ. 120ರಿಂದ 240ಕ್ಕೆ ಹೋದರೆ 8.3 ಇದ್ದದ್ದು 4.2 ಆಗುತ್ತದೆ. 120 ಫ್ರೇಮ್ ಹೆಚ್ಚಾಯಿತು, ಉಳಿತಾಯ ಬರೀ ನಾಲ್ಕು ಮಿಲಿಸೆಕೆಂಡ್. ಜೊತೆಗೆ ನಿಮ್ಮ ಮಾನಿಟರ್ 60 ಹರ್ಟ್ಸ್‌ದಾದರೆ, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವಂಥದ್ದಾದರೆ, ಆ 240ರಲ್ಲಿ ಮುಕ್ಕಾಲು ಪಾಲು ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾಗಿ ಮೊದಲು ಮಾನಿಟರ್ ನೋಡಿ, ಆಮೇಲೆ ಕಾರ್ಡ್. 1920×1080ರ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ ಇರುತ್ತವೆ, 4ಕೆ ಪರದೆಯಲ್ಲಿ 83 ಲಕ್ಷ. 4ಕೆ ಪರದೆಗೆ ಅಂತ ಮಾಡಿದ ದುಬಾರಿ ಕಾರ್ಡನ್ನು 1080 ಮಾನಿಟರ್‌ಗೆ ಸಿಕ್ಕಿಸಿದರೆ ಅದಕ್ಕೆ ಕೆಲಸವೇ ಸಾಲದು, ಸಿಪಿಯು (ಕಂಪ್ಯೂಟರಿನ ಮುಖ್ಯ ಪ್ರೊಸೆಸರ್) ಮುಂದಿನ ಫ್ರೇಮ್‌ನ ಕೆಲಸ ಕಳಿಸಲಿ ಅಂತ ಕಾಯುತ್ತಾ ಕೂರುತ್ತದೆ.

ಫ್ರೇಮ್ ಲೆಕ್ಕದಲ್ಲಿ ಸಿಗದ ಇನ್ನೊಂದು ವಿಷಯ ಮೆಮೊರಿ. 4060 ಟಿಐ ಕಾರ್ಡ್ ಎರಡು ಬಗೆಯಲ್ಲಿ ಬಂತು, 8 ಜಿಬಿಗೆ 399 ಡಾಲರ್, 16 ಜಿಬಿಗೆ 499. ಚಿಪ್ ಒಂದೇ, ಕೋರ್‌ಗಳೂ ಅಷ್ಟೇ. ಬಿಡುಗಡೆಯ ಹೊತ್ತಿನ ಬಹಳಷ್ಟು ಗೇಮ್‌ಗಳಲ್ಲಿ ಎರಡರ ಸರಾಸರಿಯೂ ಹೆಚ್ಚುಕಡಿಮೆ ಒಂದೇ. ಭಾಗಾಕಾರದ ಪ್ರಕಾರ 8 ಜಿಬಿಯದ್ದೇ ಜಾಣತನದ ಆಯ್ಕೆ. ಆದರೆ ಗೇಮ್ ಕೇಳುವ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) 8 ಜಿಬಿ ದಾಟಿದ ಕ್ಷಣ ಕಾರ್ಡ್ ಮದರ್‌ಬೋರ್ಡ್ ದಾಟಿ ಕಂಪ್ಯೂಟರಿನ ರ‍್ಯಾಮ್‌ವರೆಗೆ ಹೋಗಿ ತರಬೇಕಾಗುತ್ತದೆ. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗಿಂತ ಎಷ್ಟೋ ಪಟ್ಟು ನಿಧಾನ. ಆಗ ಆಟ ತಡವರಿಸುತ್ತದೆ, ಇಲ್ಲವೇ ಗೋಡೆ, ಮುಖಗಳೆಲ್ಲ ಮಸುಕಾಗಿಯೇ ಉಳಿಯುತ್ತವೆ. ಸರಾಸರಿ ಫ್ರೇಮ್ ಸಂಖ್ಯೆಯಲ್ಲಿ ಈ ಮಸುಕು ಕಾಣುವುದೇ ಇಲ್ಲ. ಪರೀಕ್ಷೆಯ ವರದಿ ಓದುವಾಗ ಸರಾಸರಿ ಬಿಟ್ಟು, ತೀರಾ ನಿಧಾನವಾದ ಶೇ 1ರಷ್ಟು ಫ್ರೇಮ್‌ಗಳ ಅಂಕಿ ಹುಡುಕಿ. ನಿಜಾಂಶ ಅಲ್ಲಿರುತ್ತದೆ.

ಮೆಮೊರಿ ಬೇಕಾದಷ್ಟು ಸೇರಿಸಬಹುದಲ್ವಾ ಅಂದರೆ ಅದೂ ಸುಲಭವಿಲ್ಲ. ಒಂದೊಂದು ಮೆಮೊರಿ ಚಿಪ್‌ಗೂ 32 ಬಿಟ್‌ನ ದಾರಿ ಬೇಕು. 4060ರ ಒಟ್ಟು ದಾರಿ 128 ಬಿಟ್, ಅಂದರೆ ನಾಲ್ಕು ಚಿಪ್. ಆಗ ಸಿಗುತ್ತಿದ್ದ ದೊಡ್ಡ ಚಿಪ್ 2 ಜಿಬಿಯದ್ದು, ಹಾಗಾಗಿ 8 ಜಿಬಿ. 16 ಬೇಕಾದರೆ ಬೋರ್ಡಿನ ಹಿಂಬದಿಗೂ ಚಿಪ್ ಅಂಟಿಸಬೇಕು. 3060ರಲ್ಲಿ 192 ಬಿಟ್ ದಾರಿ ಇದ್ದದ್ದರಿಂದಲೇ ಅದಕ್ಕೆ 12 ಜಿಬಿ ಸಿಕ್ಕಿದ್ದು. ಎದುರಾಳಿ ಕಂಪನಿ ಎಎಂಡಿ ತನ್ನ ಆರ್‌ಎಕ್ಸ್ 480 ಕಾರ್ಡಿನಲ್ಲಿ 239 ಡಾಲರ್‌ಗೆ 8 ಜಿಬಿ ಕೊಟ್ಟದ್ದು 2016ರಲ್ಲಿ. ಏಳು ವರ್ಷದ ನಂತರ 4060 ಟಿಐ ಕಾರ್ಡಿನ 399ಕ್ಕೂ ಅಷ್ಟೇ ಕೊಡುವುದಕ್ಕೆ ತಾಂತ್ರಿಕ ಕಾರಣ ಹೇಳಬಹುದು. ಆದರೆ ದಾರಿಯನ್ನು 128 ಬಿಟ್‌ಗೆ ಕಿರಿದು ಮಾಡಿದ್ದು ಯಾರು? ಅವರೇ ತಾನೆ.

ಇನ್ನು ಜಾಹೀರಾತಿನ ಫ್ರೇಮ್‌ಗಳು. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ನಿಂತು, 549 ಡಾಲರಿನ 5070 ಕಾರ್ಡ್ 4090ರಷ್ಟು ಸಾಧನೆ ತೋರುತ್ತದೆ ಎಂದರು. ಎಐ ನೆರವಿನಿಂದ ಅಂತಲೂ ಸೇರಿಸಿದರು. ಕತೆ ಇರುವುದು ಆ ಸೇರಿಸಿದ ಮಾತಿನಲ್ಲೇ. ಹೊಸ ಕಾರ್ಡ್‌ಗಳು ಒಂದು ನಿಜವಾದ ಫ್ರೇಮ್ ಬಿಡಿಸಿ, ನಡುವೆ ಮೂರು ಫ್ರೇಮ್‌ಗಳನ್ನು ಅಂದಾಜಿನ ಮೇಲೆ ತುಂಬಬಲ್ಲವು. ಪರದೆಯಲ್ಲಿ 120 ಕಂಡರೂ ಆಟ ನಿಮ್ಮ ಮೌಸ್‌ಗೆ ಸ್ಪಂದಿಸುವುದು ಸೆಕೆಂಡಿಗೆ 30ರ ಲೆಕ್ಕದಲ್ಲೇ. ಮೊದಲೇ ಚೆನ್ನಾಗಿ ಓಡುತ್ತಿರುವ ಗೇಮ್‌ಗೆ ಇದು ನುಣುಪು ಕೊಡುತ್ತದೆ, ಕುಂಟುತ್ತಿರುವ ಗೇಮನ್ನು ಎಬ್ಬಿಸಿ ನಿಲ್ಲಿಸುವುದಿಲ್ಲ. ಬೆಲೆ ಹೋಲಿಸುವಾಗ ಈ ತುಂಬಿದ ಫ್ರೇಮ್‌ಗಳನ್ನು ಲೆಕ್ಕದಿಂದ ಹೊರಗಿಡಿ.

ಎನ್‌ವಿಡಿಯಾ ಬಿಟ್ಟರೆ ಗತಿಯಿಲ್ಲವೇ? ಇಂಟೆಲ್ 2024ರ ಡಿಸೆಂಬರ್‌ನಲ್ಲಿ ಆರ್ಕ್ ಬಿ580 ಕಾರ್ಡನ್ನು 249 ಡಾಲರ್‌ಗೆ ತಂದಿತು. 12 ಜಿಬಿ ಮೆಮೊರಿ, 192 ಬಿಟ್ ದಾರಿ, 272 ಚದರ ಮಿಲಿಮೀಟರ್ ಚಿಪ್. 4060ರ ಚಿಪ್‌ಗಿಂತ ಶೇ 70ರಷ್ಟು ದೊಡ್ಡದು, ಬೆಲೆ 50 ಡಾಲರ್ ಕಡಿಮೆ. ಮೇಲಿನ ವೇಫರ್ ಲೆಕ್ಕ ನೆನಪಿದ್ದರೆ ಇಂಟೆಲ್‌ಗೆ ಇದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಅಂತ ಗೊತ್ತಾಗುತ್ತದೆ. ಕೊಳ್ಳುವವರಿಗೆ ಹಬ್ಬ ಅಂದುಕೊಳ್ಳುವಷ್ಟರಲ್ಲಿ, 2025ರ ಆರಂಭದಲ್ಲಿ ಪರೀಕ್ಷಕರು ಒಂದು ತೊಡಕು ಕಂಡುಹಿಡಿದರು. ಇದರ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಸಿಪಿಯು ಮೇಲೆ ಜಾಸ್ತಿ ಹೊರೆ ಹಾಕುತ್ತದೆ. ಹೊಸ, ಬಲವಾದ ಸಿಪಿಯು ಜೊತೆ ಚೆನ್ನಾಗಿ ಓಡುವ ಕಾರ್ಡ್, ಕೆಲವು ವರ್ಷ ಹಳೆಯ ಸಿಪಿಯು ಜೊತೆ ಹಲವು ಗೇಮ್‌ಗಳಲ್ಲಿ 4060ಗಿಂತ ಹಿಂದೆ ಬಿದ್ದಿತು. 249 ಡಾಲರಿನ ಕಾರ್ಡ್ ಹುಡುಕುವವರ ಹತ್ತಿರ ಇರುವುದೇ ಹಳೆಯ ಸಿಪಿಯು! ಆದ್ದರಿಂದ ಇದನ್ನು ಕೊಳ್ಳುವ ಯೋಚನೆ ಇದ್ದರೆ ನಿಮ್ಮ ಸಿಪಿಯು ಜೊತೆಗೇ ಯಾರಾದರೂ ಪರೀಕ್ಷಿಸಿದ್ದಾರಾ ನೋಡಿ. ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಸಿಪಿಯು ಒಟ್ಟಿಗೇ ತಲುಪಲು ಬಿಡುವ) ಅನ್ನೋ ಸೌಲಭ್ಯ ಇದೆಯಾ ಅಂತಲೂ ನೋಡಿಕೊಳ್ಳಿ. ಅದಿಲ್ಲದ ಬೋರ್ಡಿನಲ್ಲಿ ಆರ್ಕ್ ಕಾರ್ಡ್‌ಗಳ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ.